ಹಿತ್ತಲ ಗಿಡಗಳಿಗೊಂದು ತಾಯಿತೋಟ: ದೇಣಿಗೆಗಾಗಿ ಮನವಿ

ಆತ್ಮೀಯ ಹಳೆಯ ವಿದ್ಯಾರ್ಥಿಗಳೇ, ಪೋಷಕರೇ, ಊರಿನವರೇ,

ನಮ್ಮ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಕೊಡಗಿನ ಹಳೆಯ ಹಿತ್ತಲ ಗಿಡಗಳ ತಾಯಿತೋಟ (ಸಸಿ ಮಾಡಲು ಮೂಲ ಗಿಡಗಳನ್ನು ಉಳಿಸಿಕೊಳ್ಳುವ ತೋಟ) ಮಾಡಲು ಹೊರಟಿದ್ದೇವೆ. ಅದಕ್ಕೆ ನಿಮ್ಮ ದೇಣಿಗೆ ಬೇಕು. ದುಡ್ಡಿನ ಜೊತೆ ನಿಮ್ಮ ಮನೆಯ ಗಿಡವೂ ಬೇಕು.

ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಅಂಗಳದಂಚಿನ ಸಂಪಿಗೆ, ಬೇಲಿ ಬದಿಯ ಮದ್ದುಸೊಪ್ಪು, ಹಿತ್ತಲಿನ ಕಿತ್ತಳೆ. ಇವನ್ನು ಯಾರೂ ನರ್ಸರಿಯಲ್ಲಿ ಕೊಂಡು ತಂದದ್ದಲ್ಲ. ತವರಿನಿಂದ ಬಂದವು, ಪಕ್ಕದ ಮನೆಯವರು ಮುರಿದುಕೊಟ್ಟ ಕಡ್ಡಿಯಿಂದ ಬಂದವು. ಈಗ ಮಕ್ಕಳು ಬೆಂಗಳೂರು, ಮೈಸೂರು ಸೇರಿ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ. ಗಿಡ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

ನಮಗೆ ಜಾಸ್ತಿ ಚಿಂತೆ ಕಿತ್ತಳೆಯದ್ದು. ಸಡಿಲ ಸಿಪ್ಪೆಯ, ಸಿಹಿ ಹುಳಿ ಎರಡೂ ಇರುವ ನಮ್ಮ ಕೊಡಗಿನ ಕಿತ್ತಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೇನೋ ಸಿಕ್ಕಿದೆ. ಆದರೆ ಕಾಫಿ ತೋಟಗಳಲ್ಲಿ ಮರಗಳೇ ಕಡಿಮೆಯಾಗಿವೆ. ದೊಡ್ಡ ಕಾರಣ ಗ್ರೀನಿಂಗ್ ರೋಗ. ಎಲೆಯಲ್ಲಿ ಹಳದಿ ಮಚ್ಚೆ ಬರುತ್ತದೆ, ಕಾಯಿ ಸಣ್ಣದಾಗಿ ಸೊಟ್ಟಗಾಗುತ್ತದೆ, ರೆಂಬೆ ತುದಿಯಿಂದ ಒಣಗುತ್ತಾ ಬರುತ್ತದೆ. ಸಿಲ್ಲಾ ಎಂಬ ಪುಟ್ಟ ಕೀಟ ಇದನ್ನು ಮರದಿಂದ ಮರಕ್ಕೆ ಹರಡುತ್ತದೆ. ರೋಗದ ಮರದ ಕಡ್ಡಿ ತಂದು ಕಸಿ ಕಟ್ಟಿದರೂ ಅಷ್ಟೇ, ರೋಗ ಜೊತೆಗೇ ಬರುತ್ತದೆ. ಬೀಜದಿಂದ ಆ ಭಯವಿಲ್ಲ. ಒಂದೇ ಬೀಜದಲ್ಲಿ ಎರಡು ಮೂರು ಮೊಳಕೆ ಬರುವುದನ್ನು ನೀವೂ ನೋಡಿದ್ದೀರಿ, ಅಲ್ವಾ? ಅವುಗಳಲ್ಲಿ ಹೆಚ್ಚಿನವು ಥೇಟ್ ತಾಯಿಮರದ ಗುಣದವೇ. ಆದರೆ ಸಸಿಗಳನ್ನು ಕೀಟದಿಂದ ಕಾಪಾಡಬೇಕು. ಅದಕ್ಕೆ ಸಣ್ಣ ಕಣ್ಣಿನ ಬಲೆ ಹಾಕಿದ, ಎರಡು ಬಾಗಿಲಿನ ನೆಟ್ ಹೌಸ್ ಬೇಕು. ನಿಮ್ಮ ದೇಣಿಗೆಯ ಮುಖ್ಯ ಪಾಲು ಇದಕ್ಕೇ ಹೋಗುತ್ತದೆ. ಉಳಿದದ್ದು ನೀರಿನ ಟ್ಯಾಂಕಿಗೆ, ಬೇಲಿಗೆ.

ಮದ್ದುಸೊಪ್ಪಿಗೆ ಇಷ್ಟೆಲ್ಲ ಆರೈಕೆ ಬೇಡ. ನೆರಳು, ತೇವ ಇದ್ದರೆ ಕಡ್ಡಿ ಚಿಗುರುತ್ತದೆ. ಕಕ್ಕಡ 18ರಂದು (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಈ ಸೊಪ್ಪನ್ನು ಕುದಿಸಿದಾಗ ನೀರು ಕಡು ನೇರಳೆಯಾಗುವುದನ್ನು, ಅದರಿಂದ ಮಾಡುವ ಪಾಯಸದ ಘಮವನ್ನು ನಮ್ಮ ಮಕ್ಕಳು ಶಾಲೆಯಲ್ಲೇ ನೋಡಲಿ ಎಂಬ ಆಸೆ. ಕೈಲ್‌ಪೊದ್‌ಗೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಕೋವಿಯ ತುದಿಗೆ ಇಡುವ ತೋಕ್‌ಪೂವಿಗೂ (ಅಗ್ನಿಶಿಖೆ ಹೂ) ಜಾಗ ಇಟ್ಟಿದ್ದೇವೆ. ಅದರ ಗೆಡ್ಡೆ ವಿಷ, ಹಾಗಾಗಿ ಬೇಲಿಯೊಳಗೆ ಬೇರೆಯೇ ಪಾತಿ.

ಬೆಳೆದ ಸಸಿಗಳನ್ನು ಮಾರುವುದಿಲ್ಲ. ಪ್ರತಿ ಮಳೆಗಾಲ ಮಕ್ಕಳ ಕೈಯಲ್ಲಿ ಅವರವರ ಮನೆಗೆ ಕಳಿಸುತ್ತೇವೆ. ಒಂದೇ ತೋಟದಲ್ಲಿದ್ದರೆ ಒಂದು ಕೆಟ್ಟ ಮಳೆಗಾಲಕ್ಕೆ ಎಲ್ಲವೂ ಹೋದೀತು. 2018ರಲ್ಲಿ ಗುಡ್ಡ ಕುಸಿದಾಗ ತೋಟಕ್ಕೆ ತೋಟವೇ ಹೋದದ್ದನ್ನು ನಾವೆಲ್ಲ ಕಂಡವರು.

ನೂರು ರೂಪಾಯಿ ಕೊಟ್ಟರೂ ಸಂತೋಷ. ದೇಣಿಗೆಯನ್ನು ಶಾಲೆಯ ಆಫೀಸಿನಲ್ಲೇ ಕೊಡಿ, ರಸೀದಿ ತಪ್ಪದೆ ಕೇಳಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಗಿಡ ತರುವವರು ಅದು ಯಾವ ಮನೆಯದು, ಯಾರಿಂದ ಬಂತು ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಕಿತ್ತಳೆಯ ಕಡ್ಡಿ ಮಾತ್ರ ದಯವಿಟ್ಟು ತರಬೇಡಿ. ಆರೋಗ್ಯವಾಗಿರುವ ಹಳೆಯ ಮರದ ಮಾಗಿದ ಹಣ್ಣು ತನ್ನಿ, ಬೀಜ ನಾವು ಹಾಕಿಕೊಳ್ಳುತ್ತೇವೆ.

ಇಂತಿ,
ಶಾಲಾ ಸಮಿತಿ, ಶಿಕ್ಷಕರು ಮತ್ತು ಮಕ್ಕಳು