ಶಾಲೆಗೆ ಪ್ರಿಂಟರ್ ಕೊಡುವವರು ಲಿನಕ್ಸನ್ನೂ ಗಮನಿಸಲಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಕಂಪ್ಯೂಟರ್‌ಗಳನ್ನು ಏನು ಮಾಡುವುದೆಂಬ ಪ್ರಶ್ನೆ ನಮ್ಮ ಉಡುಪಿ ಜಿಲ್ಲೆಯ ಶಾಲೆಗಳಿಗೂ ಸಣ್ಣ ಕಚೇರಿಗಳಿಗೂ ಎದುರಾಗಿದೆ. ಕೆಲವರು ಅವುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ ಬಗೆಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಂಡಿದ್ದಾರೆ. ಖರ್ಚಿನ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ಅದು ಸರಿಯಾದ ನಿರ್ಧಾರ. ಆದರೆ ಟೈಪಿಂಗ್, ಇಂಟರ್‌ನೆಟ್, ಲೆಕ್ಕಪತ್ರ ಎಲ್ಲವೂ ಸುಸೂತ್ರವಾಗಿ ನಡೆದು, ಕೆಲಸ ಪ್ರಿಂಟರಿನ ಬಳಿ ಬಂದು ನಿಂತುಹೋಗುವುದನ್ನು ಕಾಪು, ಬ್ರಹ್ಮಾವರ ಪರಿಸರದಲ್ಲಿ ನಾನು ಪದೇಪದೇ ಕಾಣುತ್ತಿದ್ದೇನೆ. ‘ಲಿನಕ್ಸ್‌ನಲ್ಲಿ ಪ್ರಿಂಟ್ ಬರುವುದಿಲ್ಲ’ ಎಂದು ತೀರ್ಮಾನಿಸಿ, ಯಾರಿಂದಲೋ ತಂದ ನಕಲಿ ವಿಂಡೋಸನ್ನು ಮತ್ತೆ ಹಾಕಿಸಿಕೊಳ್ಳುವವರೂ ಇದ್ದಾರೆ. ಈ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಹುಡುಕಿದರೆ ಸಿಗುವ ಕಾರಣ ಇರುತ್ತದೆ; ಉಳಿದವು ಪ್ರಿಂಟರ್ ಕೊಂಡ ದಿನವೇ ನಿಶ್ಚಯವಾಗಿರುತ್ತವೆ. ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ನೋಡಿಕೊಳ್ಳುತ್ತಿರುವ ಶಿಕ್ಷಕನಾಗಿ ಈ ಎರಡು ಸಂಗತಿಗಳನ್ನು ನಿಮ್ಮ ಓದುಗರ ಮುಂದಿಡಲು ಬಯಸುತ್ತೇನೆ.

ಲಿನಕ್ಸ್‌ನಲ್ಲಿ ಮುದ್ರಣದ ಹೊಣೆ ಹೊತ್ತಿರುವುದು ‘ಕಪ್ಸ್’ ಎಂಬ ತಂತ್ರಾಂಶ. ಮೈಕೆಲ್ ಸ್ವೀಟ್ ಎಂಬವರು ರೂಪಿಸಿ 1999ರಲ್ಲಿ ಹೊರತಂದ ಈ ವ್ಯವಸ್ಥೆಯನ್ನು ಆ್ಯಪಲ್ ಕಂಪೆನಿ ತನ್ನ ಮ್ಯಾಕ್ ಕಂಪ್ಯೂಟರ್‌ಗಳಿಗೂ ಅಳವಡಿಸಿಕೊಂಡಿತು. ಇಂದಿಗೂ ಮ್ಯಾಕ್‌ನಲ್ಲಿ ಮುದ್ರಣ ನಡೆಯುವುದು ಇದರ ಮೂಲಕವೇ. ಆದ್ದರಿಂದ ಲಿನಕ್ಸಿನ ಮುದ್ರಣ ವ್ಯವಸ್ಥೆ ಅರೆಬೆಂದದ್ದು ಎಂಬ ಭಾವನೆಗೆ ಆಧಾರವಿಲ್ಲ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಲೋಕಲ್‌ಹೋಸ್ಟ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ಕೋಲನ್ ಹಾಕಿ 631 ಎಂದು ಬರೆದರೆ ಕಪ್ಸ್‌ನ ಪುಟ ತೆರೆದುಕೊಳ್ಳುತ್ತದೆ. ಯಾವ ಪ್ರಿಂಟರ್ ಸೇರಿಸಲ್ಪಟ್ಟಿದೆ, ಯಾವ ಕಡತ ಸರದಿಯಲ್ಲಿ ನಿಂತಿದೆ, ಏಕೆ ನಿಂತಿದೆ ಎಂಬುದೆಲ್ಲ ಅಲ್ಲಿ ಕಾಣಿಸುತ್ತದೆ. ಏನಾದರೂ ಬದಲಿಸಲು ಹೊರಟಾಗ ಅದು ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಕಂಪ್ಯೂಟರಿಗೆ ಲಾಗಿನ್ ಆಗುವ ಹೆಸರು ಮತ್ತು ಪಾಸ್‌ವರ್ಡನ್ನೇ ಕೊಡಬೇಕು. ಉಬುಂಟುವಿನಲ್ಲಿ ಆ ಬಳಕೆದಾರರು ‘ಎಲ್‌ಪಿಅಡ್ಮಿನ್’ ಗುಂಪಿನಲ್ಲಿ ಇಲ್ಲದಿದ್ದರೆ ಅನುಮತಿ ದೊರೆಯುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯದೆ ಪ್ರಿಂಟರನ್ನೇ ಕೆಟ್ಟದ್ದೆಂದು ಬದಿಗಿಟ್ಟ ಉದಾಹರಣೆಗಳಿವೆ.

ದೋಷ ಹುಡುಕುವವರು ಪ್ರಿಂಟರಿನಿಂದ ಆರಂಭಿಸಿ ಕಂಪ್ಯೂಟರಿನ ಕಡೆಗೆ ಬರುವುದು ಒಳ್ಳೆಯದು. ಕೇಬಲ್ ತೆಗೆದಿಟ್ಟು, ಪ್ರಿಂಟರಿನದೇ ಗುಂಡಿ ಒತ್ತಿ ಪರೀಕ್ಷಾ ಪುಟ ಬರುತ್ತದೆಯೇ ಎಂದು ಮೊದಲು ನೋಡಬೇಕು. ಅದು ಬರದಿದ್ದರೆ ಲಿನಕ್ಸಿಗೂ ಆ ತೊಂದರೆಗೂ ಸಂಬಂಧವಿಲ್ಲ. ಬಂದರೆ, ಯುಎಸ್‌ಬಿ ಕೇಬಲ್ ಸಿಕ್ಕಿಸಿದಾಗ ಕಂಪ್ಯೂಟರಿಗೆ ಪ್ರಿಂಟರ್ ಕಾಣಿಸುತ್ತಿದೆಯೇ ಎಂಬುದನ್ನು ಆದೇಶಗಳನ್ನು ಟೈಪಿಸುವ ಟರ್ಮಿನಲ್‌ ಕಿಟಕಿಯಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶದಿಂದ ತಿಳಿಯಬಹುದು. ಅಲ್ಲಿ ಪ್ರಿಂಟರಿನ ಹೆಸರೇ ಇಲ್ಲವಾದರೆ ಕೇಬಲನ್ನೋ ಪೋರ್ಟನ್ನೋ ಬದಲಿಸಿ ನೋಡಬೇಕೇ ಹೊರತು ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಹಾಕಿ ಪ್ರಯೋಜನವಿಲ್ಲ. ಹೆಸರಿದ್ದೂ ಪ್ರಿಂಟ್ ಬಾರದಿದ್ದರೆ ನೋಡಬೇಕಾದದ್ದು ಸರದಿಯನ್ನು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿಬರುವುದು ಸಾಮಾನ್ಯ. ಮುದ್ರಣದ ನಡುವೆ ಪ್ರಿಂಟರ್ ಆರಿದರೆ ಕಪ್ಸ್ ಆ ಪ್ರಿಂಟರನ್ನು ‘ಪಾಝ್ಡ್’, ಅಂದರೆ ತಡೆಹಿಡಿದ ಸ್ಥಿತಿಯಲ್ಲಿ ಇರಿಸಿಬಿಡುವುದುಂಟು. ಆಗ ಕರೆಂಟು ಬಂದರೂ ಅದು ತಾನಾಗಿ ಮುಂದುವರಿಯುವುದಿಲ್ಲ. ಕಪ್ಸ್ ಪುಟದಲ್ಲಿ ‘ರೆಸ್ಯೂಮ್ ಪ್ರಿಂಟರ್’ ಒತ್ತಿದರೆ ಕೆಲಸ ಮುಗಿಯಿತು. ಅದೇ ಪುಟದಲ್ಲಿ ದೋಷ ಬಂದಾಗ ಪ್ರಿಂಟರನ್ನು ನಿಲ್ಲಿಸಬೇಕೇ, ಕಡತವನ್ನು ಮತ್ತೆ ಕಳುಹಿಸಬೇಕೇ ಎಂಬ ಆಯ್ಕೆಯೂ ಇದೆ. ಮತ್ತೆ ಪ್ರಯತ್ನಿಸುವಂತೆ ಬದಲಿಸಿಟ್ಟರೆ ನಮ್ಮಂತಹ ಊರುಗಳಿಗೆ ಅನುಕೂಲ. ಇನ್ನೊಂದು ತೊಡಕೆಂದರೆ, ಹೊಸ ಉಬುಂಟು ಪ್ರಿಂಟರನ್ನು ತಾನೇ ಗುರುತಿಸಿ ಸೇರಿಸಿರುತ್ತದೆ. ಅದನ್ನು ಗಮನಿಸದೆ ನಾವು ಮತ್ತೊಮ್ಮೆ ಸೇರಿಸುತ್ತೇವೆ. ಒಂದೇ ಪ್ರಿಂಟರ್ ಎರಡು ಹೆಸರುಗಳಲ್ಲಿ ಕುಳಿತು, ಕಡತವೆಲ್ಲ ಕೆಲಸ ಮಾಡದ ಹೆಸರಿಗೆ ಹೋಗುತ್ತಿರುತ್ತದೆ.

ಕಳೆದ ಜೂನ್‌ನಲ್ಲಿ ಸಮೀಪದ ಶಾಲೆಯೊಂದರ ಕಚೇರಿಯಲ್ಲಿ ವರ್ಗಾವಣೆ ಪತ್ರಗಳಿಗಾಗಿ ಹೆತ್ತವರು ಕಾಯುತ್ತಿದ್ದರು. ಕಂಪ್ಯೂಟರ್ ಕಡತವನ್ನು ಕಳುಹಿಸಿದ್ದೇನೆ ಎನ್ನುತ್ತಿತ್ತು; ಪ್ರಿಂಟರ್ ಒಮ್ಮೆ ಸದ್ದು ಮಾಡಿ, ಕಾಗದವನ್ನು ಎಳೆದುಕೊಳ್ಳದೆ, ಕಿತ್ತಳೆ ಬಣ್ಣದ ದೀಪವನ್ನು ಮಿನುಗಿಸುತ್ತ ನಿಂತಿತ್ತು. “ಸರ್, ಟೋನರ್ ಮುಗಿದಿರಬೇಕು, ಹೊಸತಕ್ಕೆ ಹೇಳಿಯಾಗಿದೆ” ಎಂದರು ಅಲ್ಲಿಯ ಕ್ಲರ್ಕ್. ಟೋನರ್ ಮುಗಿದಿರಲಿಲ್ಲ. ಲಿನಕ್ಸ್ ಹಾಕುವಾಗ ಭಾಷೆಯ ಜಾಗದಲ್ಲಿ ಅಮೆರಿಕದ ಇಂಗ್ಲಿಷನ್ನು ಆರಿಸಿದ್ದರಿಂದ ಕಾಗದದ ಅಳತೆ ‘ಲೆಟರ್’ ಎಂದು ನಿಗದಿಯಾಗಿತ್ತು. ಅಮೆರಿಕದ ಲೆಟರ್ ಹಾಳೆ ಸುಮಾರು 216 ಮಿ.ಮೀ. ಅಗಲ, 279 ಮಿ.ಮೀ. ಉದ್ದ, ನಾವು ಬಳಸುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ತಟ್ಟೆಯಲ್ಲಿ ಎ4 ಇದ್ದರೂ ಪ್ರಿಂಟರ್ ಲೆಟರ್ ಹಾಳೆಗಾಗಿ ಕಾಯುತ್ತಿತ್ತು. ಕಪ್ಸ್‌ನಲ್ಲಿ ಆ ಪ್ರಿಂಟರಿನ ಡೀಫಾಲ್ಟ್ ಅಳತೆಯನ್ನು ಎ4 ಎಂದೂ, ಲಿಬ್ರೆಆಫೀಸ್ ಕಡತದ ಪುಟದ ಅಳತೆಯನ್ನೂ ಹಾಗೆಯೇ ಬದಲಿಸಿ ಮತ್ತೆ ಕಳುಹಿಸಿದಾಗ ಪತ್ರಗಳು ಒಂದರ ಹಿಂದೊಂದು ಬಂದವು. ಲಿನಕ್ಸ್ ಹಾಕಿಕೊಡುವವರು ಭಾಷೆ ಮತ್ತು ಪ್ರದೇಶವನ್ನು ‘ಇಂಗ್ಲಿಷ್, ಇಂಡಿಯಾ’ ಅಥವಾ ‘ಕನ್ನಡ’ ಎಂದು ಆರಿಸಿಟ್ಟರೆ ಈ ಅಡಚಣೆ ಹುಟ್ಟುವುದೇ ಇಲ್ಲ. ಕಂಪ್ಯೂಟರ್ ಸರಿಪಡಿಸುವವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ.

ಇಷ್ಟನ್ನೂ ದಾಟಿದ ಮೇಲೆ ಬರುವುದು ಡ್ರೈವರಿನ ಪ್ರಶ್ನೆ. ನಿಜವಾದ ಕಷ್ಟ ಇರುವುದೂ ಇಲ್ಲಿಯೇ. ನಮ್ಮಲ್ಲಿ ಬಹಳ ಕಡೆ ಇರುವ ಅಗ್ಗದ ಲೇಸರ್ ಪ್ರಿಂಟರ್‌ಗಳಿಗೆ ಪುಟವನ್ನು ತಾವೇ ಅರ್ಥಮಾಡಿಕೊಳ್ಳುವ ಶಕ್ತಿಯಿಲ್ಲ. ಪುಟವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡಿ, ಆಯಾ ಕಂಪೆನಿಯದೇ ಗೂಢ ರೂಪದಲ್ಲಿ ಕಳುಹಿಸಬೇಕು. ಎಚ್‌ಪಿ ಲೇಸರ್‌ಜೆಟ್ 1020 ಇದಕ್ಕೆ ಉದಾಹರಣೆ. ಅದರ ಒಳಗಿನ ತಂತ್ರಾಂಶ ಅದರಲ್ಲಿ ಉಳಿದುಕೊಳ್ಳುವುದಿಲ್ಲ; ಪ್ರತಿ ಬಾರಿ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಅದನ್ನು ಹೊಸದಾಗಿ ತುಂಬಬೇಕು. ಲಿನಕ್ಸ್‌ನಲ್ಲಿ ಆ ಕೆಲಸವನ್ನು ಎಚ್‌ಪಿಲಿಪ್ ಎಂಬ ತಂತ್ರಾಂಶ ಮಾಡುತ್ತದೆ, ಆದರೆ ಅದರೊಂದಿಗೆ ಕಂಪೆನಿಯ ಪ್ಲಗಿನ್ (ಪೂರಕ ತಂತ್ರಾಂಶ) ಒಂದನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಮುಖ್ಯವಾದುದೇನೆಂದರೆ, ಎಚ್‌ಪಿಲಿಪ್‌ನ ಆವೃತ್ತಿಯೂ ಪ್ಲಗಿನ್‌ನ ಆವೃತ್ತಿಯೂ ಒಂದೇ ಆಗಿರಬೇಕು. ತಿಂಗಳುಗಟ್ಟಲೆ ಸರಿಯಾಗಿದ್ದ ಪ್ರಿಂಟರ್ ಅಪ್‌ಡೇಟ್ ಆದ ಮರುದಿನ ನಿಂತರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ‘ಎಚ್‌ಪಿ-ಪ್ಲಗಿನ್’ ಆದೇಶವನ್ನು ಮತ್ತೊಮ್ಮೆ ನಡೆಸಿದರೆ ಸರಿಹೋಗುತ್ತದೆ. ಕ್ಯಾನನ್ ಎಲ್‌ಬಿಪಿ 2900 ಇನ್ನೂ ತೊಡಕಿನದು. ಅದು ‘ಕ್ಯಾಪ್ಟ್’ ಎಂಬ ಕಂಪೆನಿಯದೇ ಭಾಷೆಯಲ್ಲಿ ಮಾತಾಡುತ್ತದೆ. ಕಂಪೆನಿ ಕೊಟ್ಟ ಹಳೆಯ ಲಿನಕ್ಸ್ ಡ್ರೈವರ್‌ನಲ್ಲಿ ಪ್ರಿಂಟರನ್ನು ಕಪ್ಸ್‌ಗೆ ಸೇರಿಸಿದರೆ ಸಾಲದು, ‘ಸಿಸಿಪಿಡಿ’ ಎಂಬ ಹಿನ್ನೆಲೆ ಸೇವೆಯೂ ನಡೆಯುತ್ತಿರಬೇಕು. 64 ಬಿಟ್‌ನ ಲಿನಕ್ಸ್ ಇದ್ದರೆ 32 ಬಿಟ್‌ನ ಪೂರಕ ಕಡತಗಳೂ ಬೇಕು. ಅವು ಇಲ್ಲದಾಗ ಕಾಣಿಸುವುದು ‘ಫಿಲ್ಟರ್ ಫೇಲ್ಡ್’ ಎಂಬ ಎರಡೇ ಪದಗಳ ಸಂದೇಶ. ಅದರ ಅರ್ಥ, ಕಡತವನ್ನು ಪ್ರಿಂಟರಿನ ಭಾಷೆಗೆ ತಿರುಗಿಸುವ ಸಹಾಯಕ ಪ್ರೋಗ್ರಾಂ ನಡೆಯಲಿಲ್ಲ ಎಂದು. ಕಪ್ಸ್‌ನ ಎರರ್ ಲಾಗ್ ತೆರೆದು ಓದಿದರೆ ಯಾವ ಕಡತ ಇಲ್ಲ ಎಂಬುದು ಹೆಚ್ಚಾಗಿ ಹೆಸರು ಸಮೇತ ಸಿಗುತ್ತದೆ.

ಇದಕ್ಕೆ ಪ್ರತಿಯಾಗಿ, ಡ್ರೈವರೇ ಬೇಡದ ಪ್ರಿಂಟರ್‌ಗಳು ಬಂದು ವರ್ಷಗಳೇ ಆದವು. ಮೊಬೈಲಿನಲ್ಲಿ ಡ್ರೈವರ್ ಹಾಕಲಾಗದ ಕಾರಣ ಆ್ಯಪಲ್ 2010ರಲ್ಲಿ ‘ಏರ್‌ಪ್ರಿಂಟ್’ ಪದ್ಧತಿಯನ್ನು ತಂದಿತು. ಅನಂತರ ಪ್ರಿಂಟರ್ ತಯಾರಕರು ಕೂಡಿ ರೂಪಿಸಿದ ‘ಐಪಿಪಿ ಎವ್ರಿವೇರ್’, ‘ಮೊಪ್ರಿಯಾ’ ಮಾನದಂಡಗಳು ಬಂದವು. ಇವನ್ನು ಒಪ್ಪಿಕೊಂಡ ಪ್ರಿಂಟರ್ ತನ್ನ ಕಾಗದದ ಅಳತೆ, ಬಣ್ಣ, ಎರಡೂ ಬದಿ ಮುದ್ರಿಸುವ ಸಾಮರ್ಥ್ಯವನ್ನು ತಾನೇ ಕಂಪ್ಯೂಟರಿಗೆ ತಿಳಿಸುತ್ತದೆ, ಕಪ್ಸ್ ಅದನ್ನು ನೇರವಾಗಿ ಬಳಸುತ್ತದೆ. ಯುಎಸ್‌ಬಿ ಕೇಬಲ್ ಮೂಲಕವೂ ಇದು ಸಾಧ್ಯವಾಗುವಂತೆ ‘ಐಪಿಪಿ-ಯುಎಸ್‌ಬಿ’ ಎಂಬ ಸಣ್ಣ ಸೇವೆ ಈಚಿನ ಉಬುಂಟು, ಡೆಬಿಯನ್‌ಗಳಲ್ಲಿದೆ. ಕಪ್ಸ್‌ನ ಮುಂದಿನ 3ನೇ ಆವೃತ್ತಿಯಲ್ಲಿ ಹಳೆಯ ಮಾದರಿಯ ಡ್ರೈವರ್‌ಗಳಿಗೆ ನೇರ ಬೆಂಬಲವನ್ನು ಕೈಬಿಡುವ ಯೋಜನೆಯೂ ಇರುವುದರಿಂದ, ಈಗ ಕೊಳ್ಳುವ ಪ್ರಿಂಟರ್ ಈ ಮಾನದಂಡದ್ದಾಗಿರುವುದು ಇನ್ನಷ್ಟು ಅಗತ್ಯ.

ವೈಫೈ ಪ್ರಿಂಟರ್ ಇರುವವರು ಒಂದನ್ನು ಗಮನಿಸಬೇಕು: ಅಂಕಿಯ ವಿಳಾಸ ಕೊಟ್ಟು ಸೇರಿಸಿದ ಪ್ರಿಂಟರ್, ರೂಟರ್ ಆರಿ ಹೊತ್ತಿದಾಗ ವಿಳಾಸ ಬದಲಾಗಿ ಕಾಣೆಯಾಗಬಹುದು. ರೂಟರಿನಲ್ಲಿ ಆ ಪ್ರಿಂಟರಿಗೆ ಕಾಯಂ ವಿಳಾಸವನ್ನು ಮೀಸಲಿಟ್ಟರೆ ಸಾಕು.

ಪ್ರಿಂಟರಿನ ಮೇಲೆ ಬೀಳುವ ದೂರುಗಳಲ್ಲಿ ಕನ್ನಡದ ಅಕ್ಷರಗಳದ್ದೂ ಒಂದು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಆ ಫಾಂಟು ಇಲ್ಲದ ಲಿನಕ್ಸ್ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಹಾಳೆಯ ಮೇಲೂ ಅವೇ ಬರುತ್ತವೆ. ಇದರಲ್ಲಿ ಪ್ರಿಂಟರಿನ ತಪ್ಪಿಲ್ಲ. ಕಡತವನ್ನು ಯೂನಿಕೋಡಿಗೆ ಪರಿವರ್ತಿಸಬೇಕು, ಇಲ್ಲವೇ ಫಾಂಟು ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ತರಬೇಕು. ಪರದೆಯ ಮೇಲೆ ಸರಿಯಾಗಿದ್ದ ಒತ್ತಕ್ಷರಗಳು ಹಾಳೆಯಲ್ಲಿ ಚದುರಿದರೆ, ಪಿಡಿಎಫನ್ನು ಕ್ರೋಮ್ ಬ್ರೌಸರಿನಲ್ಲಿ ತೆರೆದು ‘ಪ್ರಿಂಟ್ ಆ್ಯಸ್ ಇಮೇಜ್’ ಆಯ್ಕೆಯಿಂದ ಮುದ್ರಿಸಿ ನೋಡಬಹುದು. ಹಾಗೆಯೇ ಮಳೆಗಾಲದ ಆಟಿ ತಿಂಗಳಲ್ಲಿ ಒಡೆದ ಕಟ್ಟಿನ ಕಾಗದ ತೇವ ಹೀರಿ ಪ್ರಿಂಟರಿನೊಳಗೆ ಸಿಕ್ಕಿಕೊಳ್ಳುವುದನ್ನೂ ಲಿನಕ್ಸಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಇನ್ನು ನನ್ನ ವಿನಂತಿ. ನಮ್ಮ ಕರಾವಳಿಯ ಶಾಲೆಗಳಿಗೆ ಪ್ರಿಂಟರ್ ಹೆಚ್ಚಾಗಿ ಬರುವುದು ಹಳೆ ವಿದ್ಯಾರ್ಥಿ ಸಂಘಗಳಿಂದ, ಮುಂಬಯಿ ಮತ್ತು ಗಲ್ಫ್‌ನಲ್ಲಿರುವ ಊರ ದಾನಿಗಳಿಂದ, ಸಹಕಾರಿ ಸಂಘಗಳ ಕೊಡುಗೆಯಾಗಿ. ಕೊಡುವವರ ಮನಸ್ಸು ದೊಡ್ಡದು. ಕೊಡುವ ಯಂತ್ರ ಶಾಲೆಯ ಕಂಪ್ಯೂಟರಿಗೆ ಹೊಂದುತ್ತದೆಯೇ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪೆನಿ 1980ರ ಸುಮಾರಿಗೆ ಕೊಟ್ಟದ್ದೂ ಇಂತಹದೇ ಕೊಡುಗೆ. ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ಸೂಚನೆ ಹೋಗುವಂತೆ ಆ ಲೇಸರ್ ಪ್ರಿಂಟರಿನ ತಂತ್ರಾಂಶವನ್ನು ತಿದ್ದಬೇಕೆಂದರೆ ಮೂಲ ಸಂಕೇತ ಕೈಗೆ ಸಿಗಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಮುಕ್ತ ತಂತ್ರಾಂಶದ ಗ್ನೂ ಯೋಜನೆಯನ್ನು ಘೋಷಿಸಲು ಪ್ರೇರಣೆಯಾದ ಸಂಗತಿಗಳಲ್ಲಿ ಆ ಅನುಭವವನ್ನೂ ಅವರು ಹೇಳಿಕೊಂಡಿದ್ದಾರೆ. ನಮ್ಮ ಶಾಲೆಗಳಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಕೊಟೇಶನ್ ಕೇಳುವಾಗ ‘ಏರ್‌ಪ್ರಿಂಟ್, ಮೊಪ್ರಿಯಾ ಅಥವಾ ಐಪಿಪಿ ಎವ್ರಿವೇರ್ ಬೆಂಬಲ ಇರತಕ್ಕದ್ದು’ ಎಂಬ ಒಂದು ಸಾಲನ್ನು ಸೇರಿಸಿದರೆ ಸಾಕು. ಎಸ್‌ಡಿಎಂಸಿಗಳೂ ಗ್ರಾಮ ಪಂಚಾಯತ್‌ಗಳೂ ಸಹಕಾರಿ ಸಂಘಗಳೂ ಇದನ್ನು ಮಾಡಬಹುದು. ಸರಕಾರಿ ಇ-ಮಾರುಕಟ್ಟೆಯಾದ ಜೆಮ್ ಮೂಲಕ ಕೊಳ್ಳುವ ಇಲಾಖೆಗಳು ತಮ್ಮ ಬೇಡಿಕೆಯ ವಿವರದಲ್ಲಿ ಇದನ್ನು ಸೂಚಿಸಬೇಕು. ತಲಪಾಡಿ ದಾಟಿದರೆ ಸಿಗುವ ಕಾಸರಗೋಡಿನ ಸರಕಾರಿ ಶಾಲೆಗಳಲ್ಲಿ, ಕನ್ನಡ ಮಾಧ್ಯಮದವೂ ಸೇರಿ, ಮಕ್ಕಳು ಕೇರಳದ ಸರಕಾರಿ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಒದಗಿಸಿದ ಲಿನಕ್ಸ್‌ನಲ್ಲೇ ಐಟಿ ಪಾಠ ಕಲಿಯುತ್ತಿದ್ದಾರೆ. ಅಲ್ಲಿ ಸಾಧ್ಯವಾದುದು ಇಲ್ಲಿ ಆಗದು ಎನ್ನಲು ಕಾರಣ ಕಾಣುವುದಿಲ್ಲ.

ಈಗಾಗಲೇ ಇರುವ ಹಳೆಯ ಪ್ರಿಂಟರ್‌ಗಳನ್ನು ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಸುರತ್ಕಲ್, ಮಣಿಪಾಲ, ನಿಟ್ಟೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇವಾ ಚಟುವಟಿಕೆಯ ಭಾಗವಾಗಿ ಸಮೀಪದ ಶಾಲೆಗಳಿಗೆ ಬಂದು ಇವುಗಳನ್ನು ಸರಿಪಡಿಸಿ, ಮಾಡಿದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಕಚೇರಿಯ ಗೋಡೆಗೆ ಅಂಟಿಸಿ ಹೋದರೆ ದೊಡ್ಡ ಉಪಕಾರವಾಗುತ್ತದೆ. ಹೊಸತು ಕೊಳ್ಳುವವರು ಉಬುಂಟು ತುಂಬಿದ ಪೆನ್‌ಡ್ರೈವ್ ಒಂದನ್ನು ಅಂಗಡಿಗೆ ಒಯ್ಯಲಿ. ಅದರಿಂದ ಹೆಚ್ಚಿನ ಲ್ಯಾಪ್‌ಟಾಪ್‌ಗಳನ್ನು, ಒಳಗಿರುವುದನ್ನು ಮುಟ್ಟದೆ, ಲಿನಕ್ಸ್‌ನಲ್ಲಿ ಆರಂಭಿಸಬಹುದು. ಬಿಲ್ಲು ಮಾಡಿಸುವ ಮುನ್ನ ಆ ಪ್ರಿಂಟರಿನಿಂದ ಕನ್ನಡದ ಒಂದು ಎ4 ಪುಟವನ್ನು ಅಂಗಡಿಯವರ ಎದುರೇ ತೆಗೆದು ನೋಡಲಿ, ಬಾರದಿದ್ದರೆ ಬೇರೆ ಮಾದರಿಯನ್ನು ಕೇಳಲಿ.

ಇಂತು,
ಓರ್ವ ಪ್ರೌಢಶಾಲಾ ಶಿಕ್ಷಕ,
ಕಾಪು, ಉಡುಪಿ ಜಿಲ್ಲೆ