ಅವ್ವನಿಗೆ, ಲೆಸ್ಟರ್‌ನಿಂದ

ಲೆಸ್ಟರ್, ಇಂಗ್ಲೆಂಡ್
15 ನವೆಂಬರ್ 2020, ಭಾನುವಾರ

ಅವ್ವನಿಗೆ, ಅಪ್ಪನಿಗೆ ನಿಮ್ಮ ದೊಡ್ಡ ಮಗಳ ನಮಸ್ಕಾರಗಳು.

ನಾವು ಮೂವರೂ ಆರೋಗ್ಯವಾಗಿದ್ದೇವೆ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಕಾಗದ ಎಂದ ಕೂಡಲೇ ನಿನಗೆ ಎದೆ ಹೊಡೆದುಕೊಳ್ಳುತ್ತದೆ ಎಂದು ಗೊತ್ತು. ಇದರ ಫೋಟೋ ತೆಗೆದು ತಮ್ಮನ ಮೊಬೈಲಿಗೆ ಕಳಿಸುತ್ತೇನೆ. ಅವನು ನಿಧಾನವಾಗಿ, ಒಂದು ಸಾಲನ್ನೂ ಬಿಡದೆ ಓದಿ ಹೇಳಲಿ. ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿ ಮಾತಾಡುವಾಗ ‘ಎಲ್ಲ ಚೆನ್ನಾಗಿದ್ದೇವೆ’ ಎಂದು ನೀನೂ ಹೇಳುತ್ತೀಯ, ನಾನೂ ಹೇಳುತ್ತೇನೆ, ಅಷ್ಟರಲ್ಲಿ ಮಾತು ಕಡಿದುಹೋಗುತ್ತದೆ.

ದೊಡ್ಡಪ್ಪನಿಗೆ ಕೊರೊನಾ ಬಂದು, ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟಿದ್ದರು ಎಂಬ ಸುದ್ದಿ ಅವರು ಮನೆಗೆ ಬಂದು ಎಷ್ಟೋ ದಿನವಾದ ಮೇಲೆ ನನ್ನ ಕಿವಿಗೆ ಬಿತ್ತು. ದೂರ ಇದ್ದಾಳೆ, ಕೇಳಿದರೆ ಅನ್ನ ಬಿಡುತ್ತಾಳೆ, ಹೇಳುವುದು ಬೇಡ ಎಂದು ನೀವೆಲ್ಲ ಸೇರಿ ತೀರ್ಮಾನ ಮಾಡಿದಿರಂತೆ. ನಿನ್ನ ಮನಸ್ಸು ನನಗೆ ಅರ್ಥವಾಗುತ್ತದೆ ಅವ್ವ. ಆದರೂ ನನಗೆ ತುಂಬ ನೋವಾಯಿತು. ಅವರು ಹಾಸಿಗೆಯಲ್ಲಿ ಏದುಸಿರು ಬಿಡುತ್ತಿದ್ದ ದಿನಗಳಲ್ಲಿ ನಾನು ನಿನ್ನ ಹತ್ತಿರ ಬೆಳ್ಳುಳ್ಳಿ ನೆಟ್ಟ ಕಥೆ ಹೇಳುತ್ತಿದ್ದೆ, ನೀನು ಹೂಂಗುಟ್ಟುತ್ತಿದ್ದೆ. ನನ್ನನ್ನು ಎತ್ತಿ ಆಡಿಸಿದ ದೊಡ್ಡಪ್ಪ ಅವರು. ಅವರ ಕಷ್ಟದ ದಿನಗಳಲ್ಲಿ ಇಲ್ಲಿ ಕುಳಿತು ದೇವರಿಗೆ ಒಂದು ದೀಪ ಹಚ್ಚುವಷ್ಟಾದರೂ ನನಗೆ ಹಕ್ಕಿದೆ. ಇನ್ನು ಮೇಲೆ ಮುಚ್ಚಿಡಬೇಡಿ. ನಾನೂ ಇಲ್ಲಿನ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬರೆಯುತ್ತೇನೆ. ಇವತ್ತಿನಿಂದಲೇ ಶುರು ಮಾಡುತ್ತೇನೆ.

ಮೊದಲು ಕೆಟ್ಟದ್ದು. ಪುಟ್ಟಿಯ ತರಗತಿಯಲ್ಲಿ ಒಬ್ಬರಿಗೆ ಸೋಂಕು ಎಂದು ಗೊತ್ತಾಗಿ ಗುರುವಾರ ಇಡೀ ತರಗತಿಯನ್ನೇ ಮನೆಗೆ ಕಳಿಸಿದ್ದಾರೆ. ಹದಿನಾಲ್ಕು ದಿನ ಅವಳು ಹೊಸ್ತಿಲು ದಾಟುವಂತಿಲ್ಲ. ಜ್ವರ ಇಲ್ಲ, ಕೆಮ್ಮಿಲ್ಲ, ಊಟ ಚೆನ್ನಾಗಿ ಮಾಡುತ್ತಾಳೆ. ನಾನು ಕೆಲಸ ಮಾಡುವುದು ಬೇರೆ ಶಾಲೆ, ಹಾಗಾಗಿ ಹೋಗಿ ಬರುತ್ತಿದ್ದೇನೆ. ಇವರು ಮನೆಯಲ್ಲೇ ಇದ್ದಾರೆ. ಇವರ ಹೋಟೆಲ್ ಮತ್ತೆ ಮುಚ್ಚಿದೆ. ಕೆಲಸದಿಂದ ತೆಗೆದಿಲ್ಲ, ಸಂಬಳದ ಶೇ. 80 ಭಾಗವನ್ನು ಸರ್ಕಾರವೇ ಕೊಡುತ್ತದೆ, ಅದನ್ನು ಬರುವ ಮಾರ್ಚ್‌ವರೆಗೂ ಮುಂದುವರಿಸುತ್ತೇವೆ ಎಂದು ಈ ತಿಂಗಳು ಹೇಳಿದ್ದಾರೆ. ಬಾಡಿಗೆ ಕಟ್ಟಲು, ಊಟಕ್ಕೆ ತೊಂದರೆಯಿಲ್ಲ. ಆದರೆ ಊರಿಗೆ ಬರಲೆಂದು ಎತ್ತಿಟ್ಟಿದ್ದ ಹಣಕ್ಕೆ ಕೈ ಹಾಕಿದ್ದೇವೆ. ಬರುವ ಬೇಸಿಗೆಗೆ ಬರುತ್ತೇವೆ ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿಟ್ಟಿದ್ದೀಯಲ್ಲ, ಆ ಮಾತು ನಡೆಯುವುದು ಕಷ್ಟ.

ಈ ಊರಿನ ಜನರಿಗೆ ಬೇರೆ ಊರಿನವರಿಗಿಂತ ಹೆಚ್ಚು ಸುಸ್ತಾಗಿದೆ. ಬೇಸಿಗೆಯಲ್ಲಿ ಇಂಗ್ಲೆಂಡಿನ ಉಳಿದ ಕಡೆ ಬಾಗಿಲು ತೆರೆಯುತ್ತಿದ್ದಾಗ ಜೂನ್ ಕೊನೆಗೆ ಲೆಸ್ಟರ್ ಒಂದಕ್ಕೇ ಮತ್ತೆ ಬೀಗ ಬಿತ್ತು. ಒಬ್ಬರ ಮನೆಯೊಳಗೆ ಇರಲಿ, ಹಿತ್ತಲಿಗೂ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಅದು ಸಡಿಲವಾಯಿತು ಎನ್ನುವಷ್ಟರಲ್ಲಿ ಈ ತಿಂಗಳ 5ರಿಂದ ಇಡೀ ಇಂಗ್ಲೆಂಡಿಗೆ ಎರಡನೆಯ ಲಾಕ್‌ಡೌನ್, ಡಿಸೆಂಬರ್ 2ರವರೆಗೆ. ಶಾಲೆ ತೆರೆದಿದೆ, ದಿನಸಿ ಅಂಗಡಿ, ಔಷಧಿ ಅಂಗಡಿ ತೆರೆದಿವೆ. ಬಯಲಿನಲ್ಲಿ ಬೇರೆ ಮನೆಯ ಒಬ್ಬರನ್ನು ಮಾತ್ರ ಭೇಟಿಯಾಗಬಹುದು. ಇದರ ಮೇಲೆ ಅಕ್ಟೋಬರ್ 25ಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಸಂಜೆ ನಾಲ್ಕು ದಾಟುತ್ತಲೇ ಹೊತ್ತು ಮುಳುಗುತ್ತದೆ. ಒಬ್ಬರೇ ಇರುವ ಮುದುಕರಿಗೆ ಈ ಸಂಜೆಗಳು ಬಹಳ ಉದ್ದ.

ಇನ್ನು ನಿನಗೆ ಇಷ್ಟವಾಗುವ ಸುದ್ದಿ ಬರೆಯುತ್ತೇನೆ. ಫೋನಿನಲ್ಲಿ ‘ತೋಟ’ ಎನ್ನುತ್ತಿದ್ದೆನಲ್ಲ, ಅದು ನಮ್ಮದಲ್ಲ. ಊರಿನ ನಗರಸಭೆಯ ಜಾಗ. ಅದನ್ನು ತುಂಡು ತುಂಡು ಮಾಡಿ ವರ್ಷಕ್ಕಿಷ್ಟು ಬಾಡಿಗೆಗೆ ಜನರಿಗೆ ಕೊಡುತ್ತಾರೆ. ಅಲಾಟ್‌ಮೆಂಟ್ ಎನ್ನುತ್ತಾರೆ. ಕೇಳಿದವರಿಗೆ ಜಾಗ ಕೊಡಬೇಕೆಂದು ಈ ದೇಶದಲ್ಲಿ 1908ರ ಕಾನೂನೇ ಇದೆ. ಒಂದು ಪೂರ್ತಿ ತುಂಡು ಎಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ನಮಗೆ ಸಿಕ್ಕಿರುವುದು ಅದರ ಅರ್ಧ. ಮಣ್ಣು ಶುದ್ಧ ಜೇಡಿ. ಮಳೆ ಬಂದರೆ ಗುದ್ದಲಿ ಕೀಳಲು ಬರುವುದಿಲ್ಲ, ಒಣಗಿದರೆ ಬಿರುಕು ಬಿಡುತ್ತದೆ. ಆದರೂ ಯಾವ ಲಾಕ್‌ಡೌನಿನಲ್ಲೂ ಇಲ್ಲಿಗೆ ಹೋಗುವುದನ್ನು ತಡೆಯಲಿಲ್ಲ. ಈ ವರ್ಷ ನಾವು ಬುದ್ಧಿ ಕೆಡದೆ ಉಳಿದಿದ್ದರೆ ಅದು ಈ ಒಂದೂ ಕಾಲು ಗುಂಟೆಯಿಂದ.

ಈಗ ಎಲ್ಲ ಮುಗಿಯುವ ಹೊತ್ತು. ಹಣ್ಣಾಗದೆ ಉಳಿದ ಟೊಮೆಟೊ ಕಾಯಿಯನ್ನೆಲ್ಲ ಇಬ್ಬನಿ ಹೆಪ್ಪುಗಟ್ಟುವ ಮೊದಲೇ ಕಿತ್ತು ನಿನ್ನ ಹಾಗೆ ಗೊಜ್ಜು ಮಾಡಿದೆ. ಬೆಳ್ಳುಳ್ಳಿ ನೆಟ್ಟಾಗಿದೆ, ಚಳಿ ಹೊಡೆದರೇ ಅದು ಎಸಳಾಗಿ ಒಡೆಯುವುದು, ಚಳಿ ತಗುಲದಿದ್ದರೆ ಒಂದೇ ಗುಂಡಾಗಿ ಉಳಿದುಬಿಡುತ್ತದೆ. ಬ್ರಾಡ್ ಬೀನ್ಸ್ ಎಂಬ ದಪ್ಪ ಅವರೆಯಂಥ ಕಾಳನ್ನೂ ಈಗಲೇ ಬಿತ್ತುತ್ತಾರೆ, ಹಿಮದ ಕೆಳಗೂ ಬದುಕಿಕೊಂಡು ಜೂನ್ ಹೊತ್ತಿಗೆ ಕಾಯಿ ಕೊಡುತ್ತದೆ. ಬೀದಿಯ ಮರಗಳೆಲ್ಲ ಎಲೆ ಉದುರಿಸಿವೆ. ನಾವು ಚೀಲಗಟ್ಟಲೆ ಗುಡಿಸಿ ತಂದು ತಂತಿ ಬಲೆಯ ಗೂಡಿನಲ್ಲಿ ತುಂಬಿದ್ದೇವೆ. ದನವಿಲ್ಲದ ಊರು ಇದು, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ದಾರಿಯಿಲ್ಲ. ಎಲೆ ತಾನಾಗಿಯೇ ಕೊಳೆಯಬೇಕು, ಒಂದೆರಡು ವರ್ಷ ಹಿಡಿಯುತ್ತದೆ. ಅಂದಹಾಗೆ, ಒಣಗಿದ ಎಲೆ, ನಮ್ಮ ದರಗು, ಎಂದಾಗ ನೆನಪಾಯಿತು. ನೀನು ಬೆಟ್ಟಕ್ಕೆ ದರಗು ಗುಡಿಸಲು ಹೋಗುವ ಕಾಲ ಬಂತು. ಅರಳಗೋಡಿನಲ್ಲಿ ಮಂಗನ ಕಾಯಿಲೆ ಬಂದಾಗ ಊರೂರಿಗೆ ಹಂಚಿದ ಎಣ್ಣೆ ಇದೆಯಲ್ಲ, ಅದನ್ನು ಕೈಕಾಲಿಗೆ ಹಚ್ಚಿಕೊಳ್ಳದೆ ಹೋಗಬೇಡ. ಕೊರೊನಾ ಬಂತೆಂದು ಉಣುಗು ಕಚ್ಚುವುದನ್ನು ಬಿಡುವುದಿಲ್ಲ.

ನಮ್ಮ ತುಂಡಿನ ಪಕ್ಕದವರು ಜಮೈಕಾದಿಂದ ಚಿಕ್ಕಂದಿನಲ್ಲೇ ಬಂದ ಒಬ್ಬ ಅಜ್ಜ. ಅವರು ಬೆಳೆಯುವ ಸೊಪ್ಪು ನಮ್ಮ ಹರಿವೆಯೇ. ಮೊದಲ ಸಲ ನೋಡಿದಾಗ ನಾನು ಬೇಲಿ ಹಿಡಿದು ನಿಂತುಬಿಟ್ಟೆ. ಅವರು ಒಂದು ಕಟ್ಟು ಕೊಯ್ದು ಬೇಲಿಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರು, ನಾನು ಹೋಗಿ ತೆಗೆದುಕೊಂಡೆ. ಈ ವರ್ಷ ಇಲ್ಲಿ ಕೊಡುಕೊಳ್ಳುವುದೆಲ್ಲ ಹೀಗೇ. ಆ ಅಜ್ಜನ ಬೀಜದಿಂದಲೇ ನನ್ನ ಪಾತಿಯಲ್ಲೂ ಹರಿವೆ ಎದ್ದಿತ್ತು. ಅದಕ್ಕೇ ಹೇಳಿದ್ದು, ನೀನು ಬೀಜ ಕಳಿಸಬೇಡ. ಹೊರದೇಶದ ಬೀಜಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಇಲ್ಲಿ ಹಿಡಿದು ಹಾಳು ಮಾಡುತ್ತಾರೆ. ನೀನು ಬೂದಿ ಹಚ್ಚಿ ಎತ್ತಿಟ್ಟ ಬೀಜಕ್ಕೆ ಹಾಗಾಗುವುದು ಬೇಡ.

ಅಧಿಕ ಮಾಸ ಬಂದು ಈ ವರ್ಷ ಭೂಮಿ ಹುಣ್ಣಿಮೆ ತಡವಾಯಿತಲ್ಲ, ಹುಣ್ಣಿಮೆಯ ದಿನ ಇಲ್ಲಿ ಶನಿವಾರ, ಅಕ್ಟೋಬರ್ 31. ಬಸುರಿ ಭೂಮಿಗೆ ಬಯಕೆ ಬಡಿಸದೆ ಈ ಮಣ್ಣಿನಿಂದ ಇಷ್ಟೆಲ್ಲ ತೆಗೆದುಕೊಂಡೆನಲ್ಲ ಎಂದು ಮನಸ್ಸು ತಡೆಯಲಿಲ್ಲ. ಇಲ್ಲಿ ಭೂಮಿಯೊಳಗೆ ತೆನೆಯಿಲ್ಲ, ಬಸುರೂ ಇಲ್ಲ, ಮಲಗುವ ಕಾಲ. ಆದರೂ ನಸುಕಿನಲ್ಲೇ ಎದ್ದು ಹಚ್ಚಂಬಲಿ ಮಾಡಿದೆ. ಹರಿವೆಯ ಕಡೆಯ ದಂಟು, ಕುಂಬಳದ ಕುಡಿ, ಬೀಟ್‌ರೂಟ್ ಸೊಪ್ಪು, ಕೇಲ್ ಎಂಬ ಒರಟು ಸೊಪ್ಪು. ಅಮಟೆಕಾಯಿಗೆ ಎಲ್ಲಿ ಹೋಗಲಿ? ಬ್ರಾಮ್ಲಿ ಎಂಬ ಹುಳಿ ಸೇಬು ಹಾಕಿದೆ. ಅಡುಗೆಗೆಂದೇ ಇರುವ ಸೇಬು ಅದು, ಇಲ್ಲೇ ಹತ್ತಿರದ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್ ಎಂಬ ಊರಿನ ಹಿತ್ತಲಲ್ಲಿ ಮೊದಲು ಹುಟ್ಟಿದ್ದು. ಹುಳಿ ಸರಿಯಾಗಿ ಹಿಡಿದಿತ್ತು. ಭೂಮಣ್ಣಿ ಬುಟ್ಟಿ ಇಲ್ಲ. ಒಂದು ಬಿದಿರಿನ ತಟ್ಟೆಬುಟ್ಟಿಗೆ ಪುಟ್ಟಿ ಅಕ್ಕಿಹಿಟ್ಟಿನಲ್ಲಿ ನೀನು ಬರೆಯುವ ಹಾಗೆಯೇ ಗೆರೆ ಎಳೆದಳು. ನಿನ್ನ ಬುಟ್ಟಿಯ ಫೋಟೋವನ್ನು ಎದುರಿಗಿಟ್ಟುಕೊಂಡು, ನಾಲಿಗೆ ಕಚ್ಚಿಕೊಂಡು, ಎರಡು ಸಂಜೆ ಕೂತು ಬರೆದಳು. ಬೆಳಗಾಗುವ ಮೊದಲೇ ಹೋಗಿ ಪಾತಿಗಳಿಗೆ ಬೀರಿ, ಬೆಳ್ಳುಳ್ಳಿಯ ಮೊಳಕೆಗೆ ನನ್ನ ತಾಳಿಸರ ಮುಟ್ಟಿಸಿ ಕೈ ಮುಗಿದು ಬಂದೆವು. ಜಮೈಕಾದ ಅಜ್ಜ ದೂರದಿಂದ ನೋಡುತ್ತಿದ್ದರು. ಏನು ಎಂದು ಕೇಳಿದರು, ಹೇಳಿದೆ. ತಮ್ಮ ಪಾತಿಗೂ ಒಂದು ತುತ್ತು ಹಾಕು ಎಂದರು. ಹಾಕಿದೆ. ಅದೇ ದಿನ ಸಂಜೆ ಪ್ರಧಾನಿ ಟಿವಿಗೆ ಬಂದು ಲಾಕ್‌ಡೌನ್ ಎಂದು ಹೇಳಿದರು.

ನಮ್ಮ ಎದುರು ಮನೆಯಲ್ಲಿ ಒಬ್ಬ ಗುಜರಾತಿ ಅಜ್ಜಿ ಇದ್ದಾರೆ, ಬೀದಿಯವರೆಲ್ಲ ಅವರನ್ನು ಬಾ ಎನ್ನುತ್ತೇವೆ. 1972ರಲ್ಲಿ ಈದಿ ಅಮೀನ್ ಉಗಾಂಡದಿಂದ ಹೊರಗಟ್ಟಿದ ಏಷ್ಯಾದವರಲ್ಲಿ ಅವರೂ ಒಬ್ಬರು. ಆಗ ಈ ಊರಿನ ನಗರಸಭೆ ‘ಲೆಸ್ಟರಿಗೆ ಬರಬೇಡಿ’ ಎಂದು ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಹಾಕಿತ್ತು. ಆದರೂ ಬಂದವರು ಇವರು. ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ಇಂದು ಭಾರತದ ಹೊರಗಿನ ಅತಿ ದೊಡ್ಡ ದೀಪಾವಳಿಗಳಲ್ಲಿ ಒಂದಾಗಿದೆ. ಈ ವರ್ಷ ಆ ರಸ್ತೆಯಲ್ಲಿ ಜನ ಸೇರಲಿಲ್ಲ, ಹಬ್ಬವೆಲ್ಲ ಇಂಟರ್‌ನೆಟ್ಟಿನಲ್ಲಿ. ಬಾ ಅವರಿಗೆ ವಾರಕ್ಕೊಮ್ಮೆ ತರಕಾರಿ, ಔಷಧಿ ನಾನು ತರುತ್ತೇನೆ. ಅವರು ಮೆಂತ್ಯೆಯ ಥೇಪ್ಲಾ ಮಾಡಿ ಗೇಟಿಗೆ ನೇತುಹಾಕುತ್ತಾರೆ. ಪಕ್ಕದ ಮನೆಯ ಇಂಗ್ಲಿಷ್ ಹೆಂಗಸು ಒಬ್ಬರೇ, ಏಪ್ರಿಲ್‌ನಲ್ಲಿ ಗಂಡನನ್ನು ಕಳೆದುಕೊಂಡವರು. ಮಣ್ಣು ಮಾಡುವ ಹೊತ್ತಿನಲ್ಲಿ ತಂಗಿಯೂ ಅವರನ್ನು ತಬ್ಬಿಕೊಳ್ಳಲಾಗಲಿಲ್ಲವಂತೆ. ನಿನ್ನೆ ರಾತ್ರಿ ನಾನು ಮೆಟ್ಟಿಲ ಮೇಲೆ ಹಣತೆ ಇಟ್ಟೆ, ಬಾ ಅಲ್ಲಿಂದ ಇಟ್ಟರು, ಪಕ್ಕದ ಮನೆಯವರು ಜಾಮ್ ಬಾಟಲಿಯಲ್ಲಿ ಮೇಣದ ಬತ್ತಿ ಹಚ್ಚಿ ಕಿಟಕಿಯಲ್ಲಿಟ್ಟರು. ಯಾರೂ ಹೇಳಿರಲಿಲ್ಲ. ಪುಟ್ಟಿ ಮಾಳಿಗೆಯ ಕಿಟಕಿಯಿಂದ ಎಲ್ಲರಿಗೂ ಕೂಗಿ ಕೂಗಿ ಹಬ್ಬದ ಶುಭಾಶಯ ಹೇಳಿದಳು. ಅಂಟಿಗೆ-ಪಂಟಿಗೆಯವರು ಹಾಡುತ್ತ ಮನೆಮನೆಗೆ ದೀಪ ತಂದಾಗ ನೀನು ಹೊಸ್ತಿಲಲ್ಲಿ ನಿಂತು ಎಣ್ಣೆ ಎರೆಯುವುದನ್ನು ಅವಳಿಗೆ ಹೇಳಿದ್ದೇನೆ. ಈ ವರ್ಷ ನಮ್ಮೂರಲ್ಲಿ ದೀಪ ಹೊರಟಿದೆಯೇ? ಇಬ್ಬರೇ ಆದರೂ ಸರಿ, ಮುಖ ಮುಚ್ಚಿಕೊಂಡಾದರೂ ಸರಿ, ದೀಪ ನಿಲ್ಲಿಸಬಾರದು ಎಂದು ನನ್ನ ಆಸೆ.

ಅಪ್ಪನಿಗೆ ಒಂದು ಸುದ್ದಿ: ಇಲ್ಲಿನ ಹಣಕಾಸು ಮಂತ್ರಿ ರಿಷಿ ಸುನಕ್, ನಮ್ಮ ನಾರಾಯಣ ಮೂರ್ತಿಯವರ ಅಳಿಯ, ತಮ್ಮ ಸರ್ಕಾರಿ ಮನೆಯ ಬಾಗಿಲಲ್ಲಿ ಹಣತೆ ಹಚ್ಚಿದ್ದು ಟಿವಿಯಲ್ಲಿ ಬಂತು. ಸಂತೋಷವಾಯಿತು. ಆದರೆ ಅದೇ ಸರ್ಕಾರದ ಇನ್ನೊಂದು ಕೆಲಸ ನನಗೆ ಸಿಟ್ಟು ತರಿಸಿದೆ. ಅಕ್ಟೋಬರ್ ರಜೆಯಲ್ಲಿ ಬಡ ಮಕ್ಕಳಿಗೆ ಊಟ ಕೊಡಿ ಎಂದು ಮಾರ್ಕಸ್ ರಾಷ್‌ಫೋರ್ಡ್ ಎಂಬ ಫುಟ್‌ಬಾಲ್ ಆಟಗಾರ ಕೇಳಿದ. ಚಿಕ್ಕಂದಿನಲ್ಲಿ ಹಸಿವು ಕಂಡ ಹುಡುಗ. ಪಾರ್ಲಿಮೆಂಟಿನಲ್ಲಿ ಮತ ಹಾಕಿ ಆಗುವುದಿಲ್ಲ ಎಂದರು. ಆಗ ದೇಶದ ತುಂಬ ಸಣ್ಣ ಸಣ್ಣ ಹೋಟೆಲಿನವರು, ತಮಗೇ ವ್ಯಾಪಾರ ಇಲ್ಲದವರು, ನಾವು ಕೊಡುತ್ತೇವೆ ಎಂದು ಮುಂದೆ ಬಂದರು. ನಮ್ಮ ಮನೆಯವರೂ ಒಂದು ಅಡುಗೆಮನೆಗೆ ಹೋಗಿ ದಿನವೂ ಪೊಟ್ಟಣ ಕಟ್ಟಿದರು. ಕಳೆದ ವಾರ ಸರ್ಕಾರ ಮನಸ್ಸು ಬದಲಿಸಿ ಹಣ ಕೊಡಲು ಒಪ್ಪಿದೆ. ಊಟದ ಸಾಲಿನಲ್ಲಿ ಮಕ್ಕಳ ಮುಖ ದಿನವೂ ನೋಡುವವಳು ನಾನು. ಹಸಿದ ಮಗುವಿನ ಎದುರು ಲೆಕ್ಕ ಮಾತಾಡಬಾರದು. ನಮ್ಮೂರ ಶಾಲೆ ಮುಚ್ಚಿದೆಯಲ್ಲ, ಬಿಸಿಯೂಟದ ಬದಲು ಕೊಡುವ ಅಕ್ಕಿ ಬೇಳೆ ಎಲ್ಲ ಮನೆಗೂ ಸರಿಯಾಗಿ ಮುಟ್ಟುತ್ತಿದೆಯೇ ಎಂದು ತಮ್ಮ ವಿಚಾರಿಸಲಿ.

ಲಸಿಕೆಯ ಸುದ್ದಿ ನೀವೂ ಕೇಳಿರುತ್ತೀರಿ. ಕಳೆದ ಸೋಮವಾರ ಫೈಜರ್ ಕಂಪನಿಯವರು ತಮ್ಮ ಲಸಿಕೆ ಶೇ. 90ಕ್ಕಿಂತ ಹೆಚ್ಚು ಪರಿಣಾಮಕಾರಿ ಎಂದರು. ಇಲ್ಲಿ ಎಲ್ಲರ ಮುಖ ಅರಳಿತು. ಅದನ್ನು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಶೈತ್ಯದಲ್ಲಿಡಬೇಕು. ನಮ್ಮ ಕಡೆಯ ಆರೋಗ್ಯ ಉಪಕೇಂದ್ರಕ್ಕೆ ಅದು ಹೇಗೆ ಬಂದೀತು ಎಂದೇ ನನಗೆ ಮೊದಲು ಅನ್ನಿಸಿದ್ದು. ಆಕ್ಸ್‌ಫರ್ಡಿನವರದು ಸಾಧಾರಣ ಫ್ರಿಜ್ಜಿನಲ್ಲಿ ಇರುತ್ತದಂತೆ, ಪುಣೆಯಲ್ಲೇ ತಯಾರಾಗುತ್ತಿದೆ. ಅದು ಬಂದರೆ ಆಶಾ ಅಕ್ಕ ಕರೆದ ದಿನವೇ ಹೋಗಿ ಹಾಕಿಸಿಕೊಳ್ಳಿ.

ಅಲ್ಲಿಯವರೆಗೆ ಒಂದು ಮಾತು ನಡೆಸಿಕೊಡು. ಇನ್ನು ಅಡಿಕೆ ಸುಲಿಯುವ ದಿನ. ರಾತ್ರಿಯೆಲ್ಲ ಹತ್ತು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಮಾತಾಡುವುದು ನಿನಗೆ ಪ್ರಾಣ ಎಂದು ಗೊತ್ತು. ಒಳಗೆ ಕೂರಿಸಬೇಡ, ಚಪ್ಪರದ ಎಲ್ಲ ಮಗ್ಗುಲೂ ತೆರೆದಿರಲಿ, ಮೆಟ್ಟುಗತ್ತಿಗಳ ನಡುವೆ ಎರಡು ಮಾರು ಬಿಡಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಅವರು ಆ ಗುಂಪಿಗೆ ಚಹಾ ಕೊಡಲೂ ಹೋಗುವುದು ಬೇಡ. ನಾಳೆ ಗೋಪೂಜೆಗೂ ಅಷ್ಟೇ: ಮನೆಯವರು ಮಾತ್ರ ಇರಲಿ. ಗೌರಿಯ ಕೋಡಿಗೆ ಕೆಮ್ಮಣ್ಣು ಹಚ್ಚುವಾಗ ಪುಟ್ಟಿಯ ಹೆಸರು ಹೇಳಿ ಒಂದು ದಂಡೆ ಹೂವು ಹೆಚ್ಚಿಗೆ ಕಟ್ಟು.

ದೊಡ್ಡಪ್ಪ ರಾತ್ರಿ ನಿದ್ದೆ ಮಾಡುತ್ತಾರೆಯೇ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೇ, ಬಾಯಿಗೆ ರುಚಿ ಬಂದಿದೆಯೇ, ಎಲ್ಲ ಬಿಡಿಸಿ ಬರೆಸು. ಅಪ್ಪನ ಈ ತಿಂಗಳ ಸಕ್ಕರೆ ಪರೀಕ್ಷೆಯ ಚೀಟಿಯ ಫೋಟೋವನ್ನು ತಮ್ಮ ಈ ವಾರದೊಳಗೆ ಕಳಿಸಲಿ. ಸಂಖ್ಯೆ ಚೆನ್ನಾಗಿಲ್ಲದಿದ್ದರೂ ಕಳಿಸಲಿ.

ಇತಿ ನಿನ್ನ ದೊಡ್ಡ ಮಗಳು