ರೇಡಿಯೋದ ಪಿಟಿಟಿ ಗುಂಡಿ ಒತ್ತಿ ಹಿಡಿದು ಕೂತವನನ್ನ ಕೇಳೋರು ಯಾರು?

ಸಂಪಾದಕರಿಗೆ ನಮಸ್ಕಾರ,

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆ ಶೆಟ್ರ ಮಗಳು ಇಂಜಿನಿಯರಿಂಗ್ ಎರಡನೇ ವರ್ಷ, ನನ್ನ ಹತ್ರ ಬಂದು ಬಂದು ಕಲಿತು ಹ್ಯಾಮ್ ರೇಡಿಯೋ, ಅಂದ್ರೆ ಹವ್ಯಾಸಿ ರೇಡಿಯೋ, ಪರೀಕ್ಷೆ ಪಾಸ್ ಮಾಡಿದ್ಳು. ಲೈಸೆನ್ಸ್ ಕೈಗೆ ಬರೋಕೆ ತಿಂಗಳುಗಟ್ಟಲೆ ಆಯ್ತು, ಕೊನೆಗೂ ವಿಯು3 ಅಂತ ಶುರುವಾಗೋ ರೇಡಿಯೋ ಗುರುತು, ಅಂದ್ರೆ ಕಾಲ್‌ಸೈನ್ ಬಂತು, ಶೆಟ್ರು ಇಡೀ ವಿಂಗಿಗೆ ಪೇಡಾ ಹಂಚಿದ್ರು. ಅವತ್ತು ಸಂಜೆ ಟೆರೇಸ್‌ಗೆ ಹೋಗಿ ಹ್ಯಾಂಡಿ, ಅಂದ್ರೆ ಕೈಯಲ್ಲಿ ಹಿಡಿಯೋ ಸೆಟ್, ಹಿಡ್ಕೊಂಡು ರಿಪೀಟರ್ (ಬೆಟ್ಟದ ಮೇಲಿಂದ ನಮ್ಮ ಮಾತನ್ನ ಹಿಡಿದು ದೂರಕ್ಕೆ ದಾಟಿಸೋ ಯಂತ್ರ) ಮೇಲೆ ಮೊದಲನೇ ಸಲ ಕರೆದ್ಳು, ಕೈ ಸ್ವಲ್ಪ ನಡುಗ್ತಾ ಇತ್ತು. ಥಾಣೆಯಿಂದ ಒಬ್ರು ಹಿರಿಯರು ವೆಲ್‌ಕಮ್ ಅಂತ ಉತ್ತರ ಕೊಡೋಕೆ ಶುರು ಮಾಡಿದ್ರು, ಅರ್ಧ ವಾಕ್ಯ ಆಗಿಲ್ಲ, ಯಾರೋ ಮೇಲಿಂದ ಮೇಲೆ ಶಿಳ್ಳೆ, ಆಮೇಲೆ ಕೆಟ್ಟ ಹಿಂದಿ ಬೈಗುಳ, ಆಮೇಲೆ ಫೋನ್‌ನಿಂದ ಯಾವುದೋ ಹಾಡು. ಐದು ನಿಮಿಷ. ಹುಡುಗಿ ಸ್ವಿಚ್ ಆಫ್ ಮಾಡಿ ನನ್ನ ಮುಖ ನೋಡಿ ಕೇಳಿದ್ಳು, "ಅಂಕಲ್, ಕ್ಯೂಆರ್‌ಎಂ ಅಂದ್ರೆ ಏನು ಅಂತ ಪರೀಕ್ಷೇಲಿ ಬರೆದಿದ್ದೆ, ಇದೇನಾ ಅದು?"

ಉತ್ತರ ಏನು ಹೇಳ್ಲಿ. ಕ್ಯೂಆರ್‌ಎಂ ಅಂದ್ರೆ ಬೇರೆ ಸ್ಟೇಷನ್‌ಗಳಿಂದ ಆಗೋ ತೊಂದರೆ, ಕ್ಯೂಆರ್‌ಎನ್ ಅಂದ್ರೆ ಗುಡುಗು ಮಿಂಚಿನ ಗಲಾಟೆ, ಇದು ಪುಸ್ತಕದ ಪಾಠ. ಬೇಕಂತಲೇ ಮಾಡೋನಿಗೆ ಪುಸ್ತಕದಲ್ಲಿ ಕೋಡ್ ಇಲ್ಲ. ಅವಳ ಹ್ಯಾಂಡಿ ಈಗ ಕಪಾಟಿನಲ್ಲಿದೆ ಅಂತ ಶೆಟ್ರು ಮೊನ್ನೆ ಲಿಫ್ಟಲ್ಲಿ ಹೇಳಿದ್ರು, ಅದಕ್ಕೇ ಈ ಪತ್ರ.

ಹ್ಯಾಮ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹವ್ಯಾಸಕ್ಕಾಗಿ ಸ್ವಂತ ರೇಡಿಯೋದಲ್ಲಿ ಮಾತಾಡೋರು, ದುಡ್ಡಿನ ವ್ಯವಹಾರ ಮಾಡೋ ಹಾಗಿಲ್ಲ, ಹಾಡು ಹಾಕೋ ಹಾಗಿಲ್ಲ, ಕಾಲ್‌ಸೈನ್ ಹೇಳದೆ ಬಾಯಿ ತೆರೆಯೋ ಹಾಗಿಲ್ಲ. ದಿಲ್ಲಿಯಲ್ಲಿರೋ ಡಬ್ಲ್ಯುಪಿಸಿ ಅನ್ನೋ ಕೇಂದ್ರ ಸರ್ಕಾರದ ವಿಭಾಗ ಲೈಸೆನ್ಸ್ ಕೊಡುತ್ತೆ, 1978ರ ಹ್ಯಾಮ್ ರೂಲ್ಸ್ ಓದಿಯೇ ನಾವೆಲ್ಲ ಪರೀಕ್ಷೆ ಬರೆದೋರು. ರಾಜೀವ್ ಗಾಂಧಿ ಕೂಡ ಹ್ಯಾಮ್, ಅವರ ಕಾಲ್‌ಸೈನ್ ವಿಯು2ಆರ್‌ಜಿ. 144ರಿಂದ 146 ಮೆಗಾಹರ್ಟ್ಸ್ ಅಂತ ಒಂದು ಸಣ್ಣ ಪಟ್ಟಿ ಇದೆ, ನಾವು ಟೂ ಮೀಟರ್ ಅಂತೀವಿ, ಊರೊಳಗಿನ ಮಾತೆಲ್ಲ ಅಲ್ಲೇ. ಬೆಳಿಗ್ಗೆ ಹೊತ್ತು 7 ಮೆಗಾಹರ್ಟ್ಸ್ ಹತ್ರ ಕೂತ್ರೆ ಮುಂಬಯಿಂದ ಬೆಂಗಳೂರು, ಮಂಗಳೂರು, ಹುಬ್ಬಳ್ಳಿವರೆಗೂ ಕನ್ನಡದಲ್ಲೇ ಹರಟೆ ಹೊಡೀಬಹುದು, ನನ್ನ ಬೆಳಗಿನ ಕಾಫಿ ಅದರ ಜೊತೆಗೇ.

ಈಗ ಮೊಬೈಲ್ ಇರೋವಾಗ ಇದ್ಯಾಕೆ ಅಂತ ಕೇಳ್ತಾರೆ, ನನ್ನ ಹೆಂಡ್ತಿನೂ ಕೇಳ್ತಿದ್ಳು, 2005ರ ಜುಲೈ 26ರ ತನಕ. ಅವತ್ತು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನಾನು ಸಾಕಿನಾಕಾದ ಒಂದು ಫ್ಯಾಕ್ಟರಿ ಮಾಳಿಗೆ ಮೇಲೆ, ಕೆಳಗೆ ಎದೆಮಟ್ಟ ನೀರು, ಮೊಬೈಲ್ ಸತ್ತು ಎಷ್ಟೋ ಹೊತ್ತಾಗಿತ್ತು. ಬ್ಯಾಗಲ್ಲಿ ಹ್ಯಾಂಡಿ ಇತ್ತು, ಬ್ಯಾಟರಿ ಎರಡು ಕಡ್ಡಿ. ವಾಶಿಯ ಒಬ್ಬ ಗೆಳೆಯ ಸಿಕ್ಕಿದ, ಅವನ ಮನೆ ಲ್ಯಾಂಡ್‌ಲೈನ್ ನಡೀತಿತ್ತು, ಅವನು ಮುಲುಂಡ್‌ಗೆ ಫೋನ್ ಹಾಕಿ "ಅಣ್ಣ ಬದುಕಿದ್ದಾರೆ ವೈನಿ, ವಡಾಪಾವ್ ತಿಂತಾ ಕೂತಿದ್ದಾರೆ" ಅಂದ. ವಡಾಪಾವ್ ಸುಳ್ಳು, ಆದ್ರೆ ಮನೆಯಲ್ಲಿ ಆ ರಾತ್ರಿ ನಿದ್ದೆ ಬಂತು. ಆ ಒಂದೂವರೆ ನಿಮಿಷದಲ್ಲಿ ಈಗಿನ ಶಿಳ್ಳೆಯವನು ಇದ್ದಿದ್ರೆ? ಅದರ ಹಿಂದಿನ ವರ್ಷವೇ, 2004ರ ಡಿಸೆಂಬರ್ 26ಕ್ಕೆ ಸುನಾಮಿ ಬಂದಾಗ ಅಂಡಮಾನ್‌ನಲ್ಲಿ ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ಪೋರ್ಟ್ ಬ್ಲೇರ್‌ನಲ್ಲಿ ಕೂತು ಸುದ್ದಿ ದಾಟಿಸಿದ್ದು ದೇಶಕ್ಕೇ ಗೊತ್ತಿರೋ ಕಥೆ, ಅವರು ಅಲ್ಲಿಗೆ ಹೋಗಿದ್ದು ಹವ್ಯಾಸಕ್ಕೆ, ಕೆಲಸಕ್ಕೆ ಬಂದಿದ್ದು ಬೇರೆಯದಕ್ಕೆ.

ಮೊದಲೇ ಹೇಳಿಬಿಡ್ತೀನಿ, ತೊಂದರೆ ಎಲ್ಲಾನೂ ಬೇಕಂತ ಮಾಡಿದ್ದಲ್ಲ. ಸಸ್ತಾ ಎಲ್‌ಇಡಿ ಬಲ್ಬು, ಸೋಲಾರ್ ಇನ್ವರ್ಟರ್, ಕೇಬಲ್‌ನವರ ಹಳೇ ಬೂಸ್ಟರ್, ಇವೆಲ್ಲ ಬುರ್ ಅಂತ ಅರಚ್ತಾವೆ. ಒಂದು ಸಲ ಒಂದು ಗಂಟೆ ಕಾಲ ರಿಪೀಟರ್ ಮೇಲೆ ಯಾರೋ ಕ್ಯಾರಿಯರ್, ಅಂದ್ರೆ ಮಾತಿಲ್ಲದ ಬರೀ ಸಿಗ್ನಲ್, ಹಾಕಿ ಕೂತಿದ್ರು, ಗ್ರೂಪಲ್ಲಿ ಆಗಲೇ ಹೆಸರು ಹಿಡಿದು ಬೈಯೋದು ಶುರುವಾಗಿತ್ತು, ಅಷ್ಟರಲ್ಲಿ ಸ್ಕೂಟರ್ ಸದ್ದು ನಿಂತು "ಮೆಂತ್ಯ ಸೊಪ್ಪು ಹತ್ತಕ್ಕೆ ಎರಡು ಕಟ್ಟು ಕೊಡ್ತೀಯೇನೋ" ಅಂತ ನಮ್ಮದೇ ಒಬ್ರು ಹಿರಿಯರ ದನಿ ಮರಾಠಿಯಲ್ಲಿ ಕೇಳಿಸ್ತು. ಹ್ಯಾಂಡಿ ಡಿಕ್ಕಿಯಲ್ಲಿತ್ತು, ಮೇಲೆ ತೆಂಗಿನಕಾಯಿ ಕೂತು ಪಿಟಿಟಿ, ಅಂದ್ರೆ ಮಾತಾಡೋಕೆ ಒತ್ತೋ ಗುಂಡಿ, ಒತ್ತಿಕೊಂಡಿತ್ತು. ಅವತ್ತಿನಿಂದ ಎಲ್ಲರೂ, ಗುಂಡಿ ಒತ್ತಿದ್ರೂ ಸ್ವಲ್ಪ ಹೊತ್ತಿಗೆ ತಾನಾಗೇ ನಿಲ್ಲೋ ಹಾಗೆ, ಸೆಟ್‌ನಲ್ಲಿ ಟೈಮ್‌ಔಟ್ ಹಾಕ್ಕೊಂಡಿದ್ದೀವಿ. ಹಾಗಾಗಿ ಕಂಡಕಂಡವರ ಮೇಲೆ ಜಾಮರ್ ಅಂತ ಹಣೆಪಟ್ಟಿ ಹಚ್ಚಬಾರದು, ಇದು ನಾನು ನಮ್ಮವರಿಗೂ ಹೇಳೋ ಮಾತು.

ಆದ್ರೆ ದಿನಾ ಸಂಜೆ ನೆಟ್, ಅಂದ್ರೆ ಎಲ್ಲ ಹ್ಯಾಮ್‌ಗಳು ರೇಡಿಯೋದಲ್ಲಿ ಸೇರೋ ಕೂಟ, ಶುರುವಾಗೋ ಹೊತ್ತಿಗೆ ಸರಿಯಾಗಿ ಬಂದು, ನಾವು ನಿಲ್ಲಿಸಿದ್ರೆ ತಾನೂ ನಿಲ್ಲಿಸಿ, ಹೆಂಗಸರ ದನಿ ಕೇಳಿದ್ರೆ ಇನ್ನೂ ಜೋರಾಗೋನು ತೆಂಗಿನಕಾಯಿ ಅಲ್ಲ. ಎಫ್‌ಎಂನಲ್ಲಿ ಒಂದು ಸ್ವಭಾವ ಇದೆ, ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಬಂದ್ರೆ ಜೋರಿರೋನ ಮಾತು ಮಾತ್ರ ಕೇಳುತ್ತೆ, ಮತ್ತೊಬ್ಬ ಪೂರ್ತಿ ಮುಚ್ಚಿಹೋಗ್ತಾನೆ. ಬೆಟ್ಟದ ಮೇಲಿನ ರಿಪೀಟರ್‌ಗೆ ಹತ್ತಿರ ಇರೋನು ಐದು ವ್ಯಾಟ್ ಇಟ್ಕೊಂಡು ಇಡೀ ಮುಂಬಯಿ ಬಾಯಿ ಮುಚ್ಚಿಸಬಹುದು. ಗೊತ್ತಿರೋ ಟೋನ್ (ಸಣ್ಣ ಸದ್ದು) ಜೊತೆಗೆ ಬಂದ್ರೆ ಮಾತ್ರ ರಿಪೀಟರ್ ತೆರೆಯೋ ಹಾಗೆ ಬೀಗ ಹಾಕ್ದೆ ಅಂತ ಕೆಲವರು ಬೀಗ್ತಾರೆ, ಅದೂ ಎರಡು ದಿನ, ಈಗಿನ ಚೈನಾ ಸೆಟ್‌ಗಳು ಟೋನ್ ತಾವೇ ಹುಡುಕಿಕೊಡ್ತಾವೆ.

ನಾವು ಕೈಕಟ್ಟಿ ಕೂತಿಲ್ಲ. ಮೂರು ಜನ ಸೇರಿ ಹುಡುಕಿದ್ವಿ. ಸ್ಟೀಲಿನ ಅಳತೆ ಟೇಪ್ ತುಂಡು ಮಾಡಿ ಪಿವಿಸಿ ಪೈಪಿಗೆ ಕಟ್ಟಿದ್ರೆ ಸಿಗ್ನಲ್ ಬರೋ ದಿಕ್ಕು ತೋರಿಸೋ ಚೆನ್ನಾಗಿರೋ ಯಾಗಿ ಆಂಟೆನಾ ಆಗುತ್ತೆ, ಖರ್ಚು ಎರಡು ಪ್ಲೇಟ್ ಮಸಾಲೆ ದೋಸೆಯಷ್ಟು. ಇಲ್ಲಿ ಒಂದು ಸೂಕ್ಷ್ಮ ಇದೆ, ರಿಪೀಟರ್ ಹೊರಗೆ ಕೊಡೋ ಸಿಗ್ನಲ್ ಹುಡುಕಿಕೊಂಡು ಹೋದ್ರೆ ಬೆಟ್ಟದ ಮೇಲಿನ ರಿಪೀಟರ್‌ಗೇ ಹೋಗಿ ನಿಲ್ತೀರಿ, ಜಾಮರ್ ಸಿಗಲ್ಲ. ಅವನು ಬರ್ತಿರೋದು ಇನ್‌ಪುಟ್‌ನಲ್ಲಿ, ಅಂದ್ರೆ ರಿಪೀಟರ್ ಕೇಳಿಸಿಕೊಳ್ಳೋ ಫ್ರೀಕ್ವೆನ್ಸಿಯಲ್ಲಿ, 600 ಕಿಲೋಹರ್ಟ್ಸ್ ಕೆಳಗೆ, ಸೆಟ್ಟನ್ನ ಅಲ್ಲಿಗೆ ತಿರುಗಿಸಿ ಕೇಳಿದ್ರೆ ಮಾತ್ರ ಅವನದೇ ನೇರ ಸಿಗ್ನಲ್. ಸಿಗ್ನಲ್ ಬರೋ ದಿಕ್ಕಿಗೆ ನಕ್ಷೆ ಮೇಲೆ ಗೆರೆ ಎಳೆದ್ವಿ, ಮುಲುಂಡ್ ಟೆರೇಸಿಂದ ಒಂದು, ವಾಶಿಯಿಂದ ಒಂದು, ಐರೋಲಿ ಸೇತುವೆ ಹತ್ರದಿಂದ ಒಂದು. ಟವರ್‌ಗಳಿಗೆ ಬಡಿದು ಸಿಗ್ನಲ್ ವಾಪಸ್ ಬರೋದ್ರಿಂದ ಎರಡು ರಾತ್ರಿ ತಪ್ಪು ದಾರಿ ಹಿಡಿದು ಒಂದು ಸ್ಮಶಾನದ ಗೇಟ್ ಮುಂದೆ ನಿಂತಿದ್ವಿ, ಅದು ಬೇರೆ ಕಥೆ. ಮೂರನೇ ರಾತ್ರಿ ಗೆರೆಗಳು ಒಂದು ಕಾಲೋನಿ ಮೇಲೆ ಕೂಡಿದ್ವು. ಕಾರ್ ನಿಲ್ಲಿಸಿ ನಡೆದುಕೊಂಡು ಹೋದ್ವಿ, ಹ್ಯಾಂಡಿಯನ್ನ ಎದೆಗೆ ಒತ್ತಿ ಹಿಡಿದು ನಿಧಾನ ಸುತ್ತು ತಿರುಗೋದು, ನಮ್ಮ ಮೈಯೇ ಅಡ್ಡ ಬಂದು ಸಿಗ್ನಲ್ ಬಿದ್ದಾಗ ಅವನು ಬೆನ್ನ ಹಿಂದೆ ಇದ್ದಾನೆ ಅಂತ ಅರ್ಥ. ಒಂದು ಬಿಲ್ಡಿಂಗಿನ ಕೆಳಗೆ ಬಂದಾಗ ಆಂಟೆನಾ ಬಿಚ್ಚಿ ಜೇಬಲ್ಲಿಟ್ರೂ ಅವನ ಶಿಳ್ಳೆ ಸ್ಪಷ್ಟ. ಮೇಲೆ ನೋಡಿದ್ರೆ ಒಂದು ಕಿಟಕಿಯಲ್ಲಿ ಟ್ಯೂಬ್‌ಲೈಟ್, ಗ್ರಿಲ್‌ಗೆ ಕಟ್ಟಿದ ಸಣ್ಣ ಆಂಟೆನಾ, ಒಣಗಿಸಿದ ಟವಲ್. ವಾಚ್‌ಮನ್ ಬಂದು ಯಾರ ಮನೆಗೆ ಅಂದ. ಯಾರ ಮನೆಗೂ ಇಲ್ಲ ಅಂತ ಹೇಳಿ ವಾಪಸ್ ಬಂದ್ವಿ.

ಮೇಲೆ ಹೋಗಿ ಬಾಗಿಲು ಬಡಿಯೋ ಹಕ್ಕು ನಮಗಿಲ್ಲ, ಇರಲೂಬಾರದು. ಜೊತೆಗಿದ್ದ ಒಬ್ಬ ಹುಡುಗ ರೇಗಿಬಿಟ್ಟಿದ್ದ, ಹೋಗಿ ಅವನ ಆಂಟೆನಾ ಕೇಬಲ್‌ಗೆ ಗುಂಡುಸೂಜಿ ಚುಚ್ಚಿ ಬರ್ತೀನಿ ಅಂತ, ಹಿಡಿದು ಕೂರಿಸಿದ್ವಿ. ಶಿಳ್ಳೆಯವನಿಗೆ ಅವನ ಹಾಗೇ ಬೈದು ಉತ್ತರ ಕೊಟ್ರೆ ಬೆಂಕಿಗೆ ತುಪ್ಪ ಸುರಿದ ಹಾಗೆ, ಅವನಿಗೆ ಬೇಕಾಗಿರೋದೂ ಅದೇ. ಸರಿ, ಕಾನೂನಿನ ದಾರಿ ಅಂತ ದಿನಾಂಕ, ಟೈಮು, ರೆಕಾರ್ಡಿಂಗು, ನಕ್ಷೆ ಮೇಲೆ ಗೆರೆ ಎಲ್ಲ ಜೋಡಿಸಿ ಒಂದು ಕಚೇರಿಗೆ ಕಳಿಸಿದ್ವಿ. ಎರಡು ತಿಂಗಳ ಮೇಲೆ ಉತ್ತರ ಬಂತು, ಲಿಖಿತ ದೂರು ಕೊಡಿ ಅಂತ. ಕೊಟ್ಟಿದ್ದು ಲಿಖಿತವೇ ಸ್ವಾಮಿ. ಒಂದು ಪೊಲೀಸ್ ಠಾಣೆಗೂ ಹೋಗಿದ್ವಿ, ಪಾಪ ಅಲ್ಲಿದ್ದ ಹವಾಲ್ದಾರ್ ಒಳ್ಳೆಯವರು, ಚಾ ತರಿಸಿದ್ರು, "ರೇಡಿಯೋ ಅಂದ್ರೆ ಎಫ್ಎಮ್ಮಾ, ಹಾಡು ಬರ್ತಾ ಇಲ್ವಾ" ಅಂತ ಕೇಳಿದ್ರು. ಹಾಡು ಬರ್ತಾ ಇದೆ ಸಾಹೇಬ್, ಅದೇ ತೊಂದರೆ ಅಂದೆ. ಅವರಿಗೂ ಯಾವ ಕಲಂ ಹಾಕಬೇಕು ಅಂತ ಗೊತ್ತಾಗ್ಲಿಲ್ಲ.

ಕಾನೂನು ಇಲ್ಲ ಅಂತೇನೂ ಅಲ್ಲ. ಅಂತಾರಾಷ್ಟ್ರೀಯ ರೇಡಿಯೋ ನಿಯಮಾವಳಿಯ 15ನೇ ವಿಧಿಯಲ್ಲೇ ಇದೆ, ಗುರುತು ಹೇಳದ ಸಿಗ್ನಲ್, ಬೇಡದ ಸಿಗ್ನಲ್ ಬಿಡೋ ಹಾಗಿಲ್ಲ ಅಂತ, ನಮ್ಮ ದೇಶ ಆ ನಿಯಮ ಮಾಡೋ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಕ್ಕೆ ಸೇರಿದ್ದು 1869ರಲ್ಲಿ. 1885ರ ಟೆಲಿಗ್ರಾಫ್ ಕಾನೂನು, 1933ರ ವೈರ್‌ಲೆಸ್ ಕಾನೂನು ಎರಡರ ಜಾಗಕ್ಕೂ 2023ರಲ್ಲಿ ಹೊಸ ದೂರಸಂಪರ್ಕ ಕಾನೂನು ಬಂದಿದೆ. ಕೇಂದ್ರ ಸರ್ಕಾರದ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆ ಇದೆ, ಅದರ ಅಂತಾರಾಷ್ಟ್ರೀಯ ಮಾನಿಟರಿಂಗ್ ಸ್ಟೇಷನ್ ನಮ್ಮ ಬೋರಿವಲಿಯ ಗೋರಾಯಿ ರೋಡಲ್ಲೇ ಇದೆ. ಅವರಿಗೆ ವಿಮಾನ, ಹಡಗು, ಮೊಬೈಲ್ ಕಂಪನಿ ಅಂತ ಸಾವಿರ ತಲೆನೋವು, ಸಂಜೆ ಎಂಟು ಗಂಟೆಗೆ ನಮ್ಮ ಶಿಳ್ಳೆಯವನನ್ನ ಹುಡುಕೋಕೆ ವ್ಯಾನ್ ಕಳಿಸಿ ಅಂದ್ರೆ ನ್ಯಾಯ ಅಲ್ಲ, ಅದು ನನಗೂ ಗೊತ್ತು. ಆದ್ರೆ ಆ ಅರ್ಧ ಕೆಲಸ ನಾವೇ ಮಾಡಿಟ್ಟಿದ್ದೀವಲ್ಲ, ಅದನ್ನ ತಗೊಳ್ಳೋ ಕೈ ಬೇಕು ಅಷ್ಟೇ.

ಅಮೆರಿಕಾದಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಅಲ್ಲೂ ಇದೇ ರೋಗ ಇತ್ತು, ನಮಗಿಂತ ಜಾಸ್ತಿನೇ. 1998ರಲ್ಲಿ ರೈಲಿ ಹಾಲಿಂಗ್ಸ್‌ವರ್ತ್ ಅಂತ ಎಫ್‌ಸಿಸಿಯ (ಅಲ್ಲಿನ ಸರ್ಕಾರದ ದೂರಸಂಪರ್ಕ ಆಯೋಗ) ಒಬ್ಬ ವಕೀಲರು ಹ್ಯಾಮ್‌ಗಳ ಕೇಸು ಕೈಗೆ ತಗೊಂಡ್ರು, ಸ್ವತಃ ಹ್ಯಾಮ್. ಜೈಲು ಗೀಲು ಆಮೇಲೆ, ಮೊದಲು ಒಂದು ಕಾಗದ: ಇಂಥ ದಿನ ಇಂಥ ಹೊತ್ತಿಗೆ ಇಂಥ ಫ್ರೀಕ್ವೆನ್ಸಿಯಲ್ಲಿ ನಿಮ್ಮ ಸ್ಟೇಷನ್‌ನಿಂದ ಹೀಗೆ ಆಗಿದೆ ಅಂತ ದೂರು ಇದೆ, ಉತ್ತರ ಕೊಡಿ. ಮನೆ ಬಾಗಿಲಿಗೆ ಸರ್ಕಾರದ ಲಕೋಟೆ ಬಂದ್ರೆ ಮುಕ್ಕಾಲು ಜನರ ಶಿಳ್ಳೆ ಅಲ್ಲೇ ಒಣಗಿಹೋಗುತ್ತೆ, ಕಾರಣ ಇವರ ಶೌರ್ಯವೆಲ್ಲ ಹೆಸರು ಗೊತ್ತಾಗಲ್ಲ ಅನ್ನೋ ಧೈರ್ಯದ್ದು. ಒಣಗದವನಿಗೆ ಮುಂದಿನ ಹೆಜ್ಜೆ, ಲಾಸ್ ಏಂಜಲೀಸ್‌ನಲ್ಲಿ ಹೀಗೇ ಹಟ ಹಿಡಿದ ಒಬ್ಬನಿಗೆ 2006ರಲ್ಲಿ ಏಳು ವರ್ಷ ಜೈಲಾಯ್ತು. 2020ರಿಂದ ಅಲ್ಲಿ ವಾಲಂಟಿಯರ್ ಮಾನಿಟರ್ ಅಂತ ವ್ಯವಸ್ಥೆ ನಡೀತಿದೆ, ಅಲ್ಲಿನ ಹ್ಯಾಮ್ ಸಂಘವೂ ಸರ್ಕಾರವೂ ಒಪ್ಪಂದ ಮಾಡ್ಕೊಂಡು, ತರಬೇತಿ ಕೊಟ್ಟ ಹ್ಯಾಮ್‌ಗಳೇ ಕೇಳಿ ಬರೆದು ಕಳಿಸ್ತಾರೆ, ಕ್ರಮ ತಗೊಳ್ಳೋದು ಮಾತ್ರ ಸರ್ಕಾರ. ಒಳ್ಳೆ ಆಪರೇಟಿಂಗ್ ಮಾಡಿದವರಿಗೆ ಮೆಚ್ಚುಗೆ ಪತ್ರವೂ ಹೋಗುತ್ತಂತೆ, ಅದು ನನಗೆ ಇಷ್ಟ ಆಯ್ತು.

ನಮ್ಮಲ್ಲೂ ಇಷ್ಟೇ ಸಾಕು, ದೊಡ್ಡ ಬಜೆಟ್ ಬೇಡ. ಮುಂಬಯಿಗೆ ಒಂದು ಇಮೇಲ್, ಅದನ್ನ ಓದೋ ಒಬ್ಬ ಅಧಿಕಾರಿ, ದೂರು ಹೇಗಿರಬೇಕು ಅಂತ ಒಂದು ಪುಟದ ನಮೂನೆ, ಲೈಸೆನ್ಸ್ ಇರೋ ಸೀನಿಯರ್ ಹ್ಯಾಮ್‌ಗಳಲ್ಲಿ ಹತ್ತು ಜನರಿಗೆ ಕೇಳಿ ಬರೆಯೋ ಜವಾಬ್ದಾರಿ. ಮೊದಲ ನೋಟಿಸ್ ಅದರ ಮೇಲೆ ಹೋಗ್ಲಿ. ಲೈಸೆನ್ಸ್ ಇದ್ದೂ ಹೀಗೆ ಮಾಡೋರು ಇದ್ದಾರೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಅವರ ಲೈಸೆನ್ಸ್ ಆರು ತಿಂಗಳು ಅಮಾನತು ಮಾಡಿದ್ರೆ ಸಾಕು ಸುದ್ದಿ ಬೆಂಗಳೂರಿನವರೆಗೂ ತಾನಾಗೇ ಹರಡುತ್ತೆ. ಲೈಸೆನ್ಸ್ ಇಲ್ಲದೆ ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ ಸೆಟ್ ತರಿಸಿ ಆಟ ಆಡೋರದು ಬೇರೆ ಲೆಕ್ಕ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ವಾಕಿಟಾಕಿ ಮಾರೋ ಆನ್‌ಲೈನ್ ಕಂಪನಿಗಳಿಗೆ 13 ನೋಟಿಸ್ ಕೊಟ್ಟಿದ್ದು ಒಳ್ಳೇದಾಯ್ತು, ಲೈಸೆನ್ಸ್ ಬೇಕಾ ಬೇಡವಾ ಅಂತ ಹೇಳದೆ ಮಾರಿದ್ರೆ ಕೊಂಡೋನಿಗೆ ತಾನೆ ಹೇಗೆ ಗೊತ್ತಾಗಬೇಕು. ಮಕ್ಕಳ ಆಟಕ್ಕೆ, ಟ್ರೆಕ್ಕಿಂಗ್‌ಗೆ ಅಂತ 446 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಬೇಡದ ಸಣ್ಣ ಸೆಟ್‌ಗಳು ಸಿಗ್ತಾವೆ, ಅದನ್ನ ತಗೊಳ್ಲಿ, ಯಾರು ಬೇಡ ಅಂತಾರೆ.

ಶೆಟ್ರ ಮಗಳನ್ನ ಈ ಭಾನುವಾರ ಟೆರೇಸ್‌ಗೆ ಕರ್ದಿದ್ದೀನಿ, ಟೇಪ್ ಆಂಟೆನಾ ಕಟ್ಟೋದು ಕಲಿಸ್ತೀನಿ ಅಂತ. ಬರ್ತೀನಿ ಅಂದಿದ್ದಾಳೆ. ನನ್ನ ಲಾಗ್ ಪುಸ್ತಕದ ಕೊನೇ ಪುಟಗಳಲ್ಲಿ ಶಿಳ್ಳೆಯವನದೇ 41 ಎಂಟ್ರಿ ಇದೆ, ತಾರೀಖು, ನಿಮಿಷ, ದಿಕ್ಕಿನ ಡಿಗ್ರಿ ಸಮೇತ, ಪೆನ್‌ಡ್ರೈವ್‌ನಲ್ಲಿ ದನಿಯೂ ಇದೆ. ಯಾವ ಟೇಬಲ್ ಮೇಲೆ ಇಡಬೇಕು ಅಂತ ಸಂಬಂಧಪಟ್ಟವರು ನಿಮ್ಮ ಪೇಪರ್ ಮೂಲಕ ಆದ್ರೂ ಹೇಳಿದ್ರೆ ಮಾರನೇ ದಿನದ 9.12ರ ಲೋಕಲ್ ಹಿಡಿದು ನಾನೇ ತಂದು ಕೊಡ್ತೀನಿ.

ಇತಿ ನಿಮ್ಮ ಓದುಗ,
ಒಬ್ಬ ಹಳೇ ಹ್ಯಾಮ್, ಮುಲುಂಡ್ ಪೂರ್ವ, ಮುಂಬಯಿ